ಪಾಯಿಂಟ್ ಟೂ ಟೂ ರೈಫಲ್‌ನಲ್ಲಿ ಗುರಿ ಕೂರಬೇಕೆ? ಮೊದಲು ಗ್ರೂಪ್ ಕೂಡಿಸಿ

ಕೋಲಾರದ ಕಡೆಯ ಕಾಲೇಜುಗಳಲ್ಲಿ ಎನ್‌ಸಿಸಿ ಸೇರಿದವರಿಗೆ ಕ್ಯಾಂಪ್‌ನ ಫೈರಿಂಗ್ ದಿನ ಅಂದರೆ ಹಬ್ಬ. ಕೈಗೆ ಸಿಗುವುದು ಬೆರಳೆಣಿಕೆಯ ರೌಂಡ್‌ಗಳು, ಅಂದರೆ ಕಾಡತೂಸುಗಳು. ಹೊಡೆದು ಮುಗಿಸಿ ಟಾರ್ಗೆಟ್ ಹತ್ತಿರ ಹೋದರೆ ಒಂದು ತೂತು ಮೇಲೆ, ಒಂದು ಕೆಳಗೆ, ಇನ್ನೊಂದು ಪಕ್ಕದವನ ಕಾಗದದಲ್ಲಿ. ಆಗ ಎಲ್ಲರದೂ ಒಂದೇ ಮಾತು: 'ಸೈಟೇ ಸರಿ ಇಲ್ಲ ಸಾರ್.'

ಸೈಟ್, ಅಂದರೆ ಗುರಿ ನೋಡುವ ಸಾಧನ, ಕೆಟ್ಟಿದ್ದರೆ ಗುಂಡುಗಳೆಲ್ಲ ಒಟ್ಟಿಗೆ ಒಂದೇ ಕಡೆಗೆ ತಪ್ಪುತ್ತವೆ. ಚೆಲ್ಲಾಪಿಲ್ಲಿಯಾಗಿ ಬಿದ್ದರೆ ಸೈಟನ್ನು ಬೈದು ಉಪಯೋಗ ಇಲ್ಲ. ಹಾಗಾಗಿ ಮೊದಲು ಬುಲ್, ಅಂದರೆ ಟಾರ್ಗೆಟ್‌ನ ನಡುವಿನ ಗುರಿ, ಮರೆತುಬಿಡಿ. ಗುಂಡುಗಳು ಎಲ್ಲಾದರೂ ಬೀಳಲಿ, ಒಂದೇ ಕಡೆ ಬೀಳಲಿ. ಹೀಗೆ ಒಂದೇ ಕಡೆ ಬಿದ್ದ ತೂತುಗಳ ಗುಂಪೇ ಗ್ರೂಪ್. ಗ್ರೂಪ್ ಕೂಡಿದ ಮೇಲೆ ಅದನ್ನು ಬುಲ್‌ಗೆ ತರುವುದು ಸೈಟ್‌ನ ಸ್ಕ್ರೂ ತಿರುಗಿಸುವಷ್ಟೇ ಕೆಲಸ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಪಾಯಿಂಟ್ ಟೂ ಟೂ, ಅಂದರೆ 0.22 ಇಂಚು ಅಗಲದ ಗುಂಡು ಹೊಡೆಯುವ ರೈಫಲ್, ಆಟದ ಬಂದೂಕು ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಇದಕ್ಕೆ ಲೈಸೆನ್ಸ್ ಬೇಕು. ಅಭ್ಯಾಸ ಏನಿದ್ದರೂ ಎನ್‌ಸಿಸಿ ರೇಂಜ್‌ನಲ್ಲಿ, ಇಲ್ಲವೇ ರೈಫಲ್ ಕ್ಲಬ್‌ನ ರೇಂಜ್‌ನಲ್ಲಿ. ತೋಟ, ಒಣಗಿದ ಕೆರೆ ಅಂಗಳ ಬೇಡವೇ ಬೇಡ. ಈ ಪುಟ್ಟ ಗುಂಡು ಒಂದು ಕಿಲೋಮೀಟರ್‌ಗಿಂತಲೂ ದೂರ ಹೋಗಬಲ್ಲದು.

ರೌಂಡ್ ಆರಿಸುವುದು

ಎನ್‌ಸಿಸಿ ಕೆಡೆಟ್‌ಗಳು ತಮಗೆ ಕೊಟ್ಟ ರೌಂಡನ್ನೇ ಹೊಡೆಯಬೇಕು, ಅವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಕ್ಲಬ್‌ನಲ್ಲಿ ಹೊಡೆಯುವವರಿಗೆ ಮಾತ್ರ ಇದು ತುಂಬಾ ಮುಖ್ಯ.

ದೊಡ್ಡ ರೈಫಲ್‌ಗಳ ಕಾಡತೂಸಿನಲ್ಲಿ ಸಿಡಿಯುವ ಮದ್ದು ತಳದ ನಡುವೆ ಇರುತ್ತದೆ. ಪಾಯಿಂಟ್ ಟೂ ಟೂನಲ್ಲಿ ಅದನ್ನು ಕೇಸಿನ, ಅಂದರೆ ಕಾಡತೂಸಿನ ಕವಚದ, ಅಂಚಿನ ಮಡಿಕೆಯೊಳಗೆ ಸುತ್ತಲೂ ತುಂಬಿರುತ್ತಾರೆ. ಪಿನ್ ಬಂದು ಹೊಡೆಯುವುದು ಆ ಅಂಚಿಗೆ. ಮದ್ದು ಎಲ್ಲ ಕಡೆ ಒಂದೇ ಸಮ ಹರಡಿಲ್ಲದಿದ್ದರೆ ಗುಂಡಿನ ವೇಗ ಹೆಚ್ಚುಕಮ್ಮಿ ಆಗುತ್ತದೆ. ವೇಗ ಕಮ್ಮಿಯಾದ ಗುಂಡು ಕೆಳಗೆ, ಜಾಸ್ತಿಯಾದದ್ದು ಮೇಲೆ. ದೊಡ್ಡ ರೈಫಲ್‌ನವರು ಬೇಕಾದಂತೆ ಕಾಡತೂಸು ತಾವೇ ತುಂಬಿಸಿಕೊಳ್ಳುತ್ತಾರೆ. ಇಲ್ಲಿ ಆ ದಾರಿಯೂ ಇಲ್ಲ. ಕಾರ್ಖಾನೆಯಿಂದ ಬಂದದ್ದೇ ಗತಿ.

ಅದಕ್ಕೇ ಲಾಟ್ ಪರೀಕ್ಷೆ. ಲಾಟ್ ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಕಾಡತೂಸುಗಳು. ಎಲಿ ಟೆನೆಕ್ಸ್, ಲಾಪುವಾ, ಆರ್‌ಡಬ್ಲ್ಯೂಎಸ್, ಎಸ್‌ಕೆ ಹೀಗೆ ಹೆಸರು ಮಾಡಿದ ಕಂಪನಿಗಳಿವೆ. ಆದರೆ ಪಕ್ಕದವನ ರೈಫಲ್‌ಗೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗಬೇಕು ಅಂತ ಇಲ್ಲ. ದುಬಾರಿ ಡಬ್ಬಿಯೇ ಗೆಲ್ಲುತ್ತದೆ ಅಂತಲೂ ಇಲ್ಲ. ಒಂದೇ ಹೆಸರಿನ ಎರಡು ಲಾಟ್ ನಡುವೆಯೂ ವ್ಯತ್ಯಾಸ ಇರುತ್ತದೆ. ಗಾಳಿ ಇಲ್ಲದ ಬೆಳಿಗ್ಗೆ ರೈಫಲನ್ನು ಮರಳಿನ ಚೀಲದ ಮೇಲೆ ಇಟ್ಟು ಒಂದೊಂದು ಬಗೆಯಲ್ಲೂ ಹತ್ತು ಹತ್ತು ಗುಂಡು ಹೊಡೆದು ನೋಡಿ. ಮೂರು ಗುಂಡಿನ ಗ್ರೂಪ್ ನಂಬಬೇಡಿ. ಅದೃಷ್ಟಕ್ಕೆ ಮೂರು ಒಂದೇ ಕಡೆ ಬೀಳುವುದು ದೊಡ್ಡ ವಿಷಯವಲ್ಲ. ಈ ಗುಂಡುಗಳ ಮೇಲೆ ಮೇಣ ಅಥವಾ ಗ್ರೀಸ್ ಸವರಿರುತ್ತದೆ. ಬಗೆ ಬದಲಿಸಿದಾಗ ಬ್ಯಾರೆಲ್ ಹೊಸ ಮೇಣಕ್ಕೆ ಹೊಂದಿಕೊಳ್ಳಲು ಹತ್ತು ಹದಿನೈದು ಗುಂಡು ಬೇಕು. ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಡಬ್ಬಿಯ ಮೇಲೆ 'ಹೈ ವೆಲಾಸಿಟಿ' ಅಂತ ನೋಡಿ ಖುಷಿಪಡಬೇಡಿ. ಟಾರ್ಗೆಟ್‌ಗೆ ಬೇಕಾದದ್ದು ಸೆಕೆಂಡಿಗೆ 320ರಿಂದ 330 ಮೀಟರ್ ವೇಗದ ಸ್ಟ್ಯಾಂಡರ್ಡ್ ರೌಂಡ್, ಅಂದರೆ ಶಬ್ದದ ವೇಗಕ್ಕಿಂತ ಸ್ವಲ್ಪ ಕಮ್ಮಿ. ಹೈ ವೆಲಾಸಿಟಿ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು ದಾರಿಯಲ್ಲಿ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಆ ಇಳಿಯುವ ಹೊತ್ತಿನಲ್ಲಿ ಅಲುಗಾಡುತ್ತದೆ.

ಮಲಗುವುದು, ಕಣ್ಣು ಮುಚ್ಚುವುದು

ಒಂದೇ ಒಂದು ಸಂಗತಿ ಕಲಿಯಲು ಸಮಯ ಇದ್ದರೆ ಇದನ್ನು ಕಲಿಯಿರಿ. ಮಲಗಿ, ರೈಫಲ್ ಹಿಡಿದು, ಬುಲ್ ಮೇಲೆ ಸೈಟ್ ಇಡಿ. ಈಗ ಕಣ್ಣು ಮುಚ್ಚಿ. ಎರಡು ಮೂರು ಸಲ ಉಸಿರಾಡಿ, ಭುಜ, ಕತ್ತು, ಕೈ ಎಲ್ಲ ಸಡಿಲ ಬಿಡಿ. ಕಣ್ಣು ತೆರೆದಾಗ ಸೈಟ್ ಎಲ್ಲಿದೆ? ಬಹಳಷ್ಟು ಜನರದು ಬುಲ್ ಬಿಟ್ಟು ಪಕ್ಕಕ್ಕೆ ಸರಿದಿರುತ್ತದೆ. ನಿಮ್ಮ ಮೈ ನಿಜವಾಗಿ ನೋಡುತ್ತಿರುವುದು ಆ ಜಾಗವನ್ನು. ಇಷ್ಟು ಹೊತ್ತು ನೀವು ತೋಳಿನ ಬಲದಿಂದ ಅದನ್ನು ಬುಲ್‌ಗೆ ಎಳೆದು ಹಿಡಿದಿದ್ದಿರಿ, ಅಷ್ಟೇ. ಟ್ರಿಗರ್ ಒತ್ತಿದ ಗಳಿಗೆಯಲ್ಲಿ ರೈಫಲ್ ತನ್ನ ಜಾಗಕ್ಕೆ ವಾಪಸ್ ಹೊರಡುತ್ತದೆ, ಗುಂಡೂ ಆ ಕಡೆಗೆ ಜಾರುತ್ತದೆ.

ಕೈಯಿಂದ ತಳ್ಳಿ ಸರಿ ಮಾಡಬೇಡಿ. ಬಲಗೈಯವರಾದರೆ ಎಡ ಮೊಣಕೈ ನೆಲದಲ್ಲಿ ಕದಲದಂತೆ ಇರಲಿ. ಸೈಟ್ ಬುಲ್‌ನ ಬಲಕ್ಕೆ ಹೋಗಿದ್ದರೆ ಸೊಂಟ, ಕಾಲುಗಳನ್ನು ಒಂಚೂರು ಬಲಕ್ಕೆ ಸರಿಸಿ, ಬ್ಯಾರೆಲ್ ಎಡಕ್ಕೆ ಬರುತ್ತದೆ. ಮೇಲೆ ಹೋಗಿದ್ದರೆ ಎಡಗೈಯನ್ನು ರೈಫಲ್ ಅಡಿಯಲ್ಲಿ ಸ್ವಲ್ಪ ಮುಂದೆ ಇಡಿ, ಕೆಳಗಿದ್ದರೆ ಹಿಂದಕ್ಕೆ. ಮತ್ತೆ ಕಣ್ಣು ಮುಚ್ಚಿ ನೋಡಿ. ತೆರೆದಾಗ ಸೈಟ್ ತಾನಾಗಿ ಬುಲ್ ಮೇಲೆ ಇರುವವರೆಗೂ ಒಂದು ಗುಂಡೂ ಬೇಡ. ರೈಫಲ್‌ನ ಹಿಂತುದಿ, ಅಂದರೆ ಬಟ್, ಭುಜದಲ್ಲಿ ಕೂರುವ ಜಾಗ, ಕೆನ್ನೆ ತಾಗುವ ಜಾಗ ಪ್ರತಿ ಗುಂಡಿಗೂ ಅದೇ ಇರಬೇಕು. ಕೆನ್ನೆ ಅರ್ಧ ಬೆರಳು ಜರುಗಿದರೂ ಕಣ್ಣು ನೋಡುವ ಕೋನ ಬದಲಾಗುತ್ತದೆ.

ನೋಟ, ಉಸಿರು, ಬೆರಳು

ಕಣ್ಣಿಗೆ ಒಂದು ಸಲಕ್ಕೆ ಒಂದೇ ದೂರ ಸ್ಪಷ್ಟ ಕಾಣುವುದು. ಬ್ಯಾರೆಲ್ ತುದಿಯ ಫೋರ್‌ಸೈಟ್ ಚೂಪಾಗಿ ಕಾಣಲಿ, ಬುಲ್ ಸ್ವಲ್ಪ ಮಸುಕಾದರೂ ಪರವಾಗಿಲ್ಲ. ಹೊಸಬರು ಉಲ್ಟಾ ಮಾಡುತ್ತಾರೆ.

ಉಸಿರು ಹೊರಬಿಟ್ಟ ಮೇಲೆ ಮೈ ತಾನಾಗಿ ಒಂದು ಕ್ಷಣ ನಿಲ್ಲುತ್ತದಲ್ವಾ, ಹೊಡೆಯಬೇಕಾದದ್ದು ಅಲ್ಲಿ. ಐದರಿಂದ ಎಂಟು ಸೆಕೆಂಡು ಸಾಕು. ಅಷ್ಟರಲ್ಲಿ ಗುಂಡು ಹೋಗದಿದ್ದರೆ ಸುಮ್ನೆ ಹಟ ಹಿಡಿಯಬೇಡಿ, ಬೆರಳು ತೆಗೆದು ಮತ್ತೆ ಶುರು ಮಾಡಿ. ಟ್ರಿಗರ್ ಒತ್ತುವುದು ಬೆರಳಿನ ಕೆಲಸ, ಇಡೀ ಮುಷ್ಟಿಯದಲ್ಲ. ಗುಂಡು ಹೋದ ಮೇಲೂ ಎರಡು ಸೆಕೆಂಡು ಹಾಗೇ ಸೈಟ್ ನೋಡುತ್ತಾ ಇರಿ. 'ಬಿತ್ತಾ?' ಅಂತ ತಲೆ ಎತ್ತುವ ಅಭ್ಯಾಸ ಕೆಡೆಟ್‌ಗಳಲ್ಲಿ ಜಾಸ್ತಿ. ಗುಂಡು ಇನ್ನೂ ಬ್ಯಾರೆಲ್ ಒಳಗಿರುವಾಗಲೇ ಕೆನ್ನೆ ಏಳಲು ಶುರುವಾಗಿರುತ್ತದೆ.

ಖಾಲಿ ರೈಫಲ್‌ನಲ್ಲಿ ಟ್ರಿಗರ್ ಅಭ್ಯಾಸ ಒಳ್ಳೆಯದು. ಆದರೆ ಪಾಯಿಂಟ್ ಟೂ ಟೂಗೆ ಒಂದು ಎಚ್ಚರಿಕೆ ಇದೆ. ಒಳಗೆ ಏನೂ ಇಲ್ಲದಿದ್ದರೆ ಹಲವು ರೈಫಲ್‌ಗಳಲ್ಲಿ ಪಿನ್ ಹೋಗಿ ಕಾಡತೂಸು ಕೂರುವ ಚೇಂಬರಿನ ಅಂಚಿಗೇ ಬಡಿಯುತ್ತದೆ, ಅಲ್ಲಿ ಹಳ್ಳ ಬೀಳುತ್ತದೆ. ಹೊಡೆದು ಬಿಟ್ಟ ಖಾಲಿ ಕೇಸ್ ಒಂದನ್ನು ಒಳಗಿಟ್ಟು, ಪ್ರತಿ ಸಲ ಸ್ವಲ್ಪ ತಿರುಗಿಸುತ್ತಾ ಅಭ್ಯಾಸ ಮಾಡಿ. ಜೀವಂತ ರೌಂಡ್ ಆ ಹೊತ್ತಿನಲ್ಲಿ ಹತ್ತಿರ ಎಲ್ಲೂ ಇರಬಾರದು.

ಆಷಾಢದ ಗಾಳಿ

50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿ.ಮೀ., ಹೆಚ್ಚುಕಮ್ಮಿ ಶರ್ಟಿನ ಗುಂಡಿಯಷ್ಟು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಮಂಡಿಯೂರಿ, ಮಲಗಿ, ನಿಂತು ಹೊಡೆದು ಕಂಚು ತಂದದ್ದು ಈ ದೂರದ ಸ್ಪರ್ಧೆಯಲ್ಲೇ. ಅಡ್ಡಗಾಳಿ ಗಂಟೆಗೆ 16 ಕಿ.ಮೀ. ಇದ್ದರೆ ಇಷ್ಟು ದೂರದಲ್ಲಿ ಗುಂಡು ಸುಮಾರು ಎರಡೂವರೆ ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಅಂದರೆ ನಡುವಿಗೆ ಬೀಳಬೇಕಾದ ಹತ್ತು ಏಳಾಗುತ್ತದೆ. ನೀವು ಏನೂ ತಪ್ಪು ಮಾಡದೆ.

ನಮ್ಮ ಬಯಲುಸೀಮೆಯಲ್ಲಿ ಆಷಾಢದ ಗಾಳಿ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಅದು ಒಂದೇ ಸಮ ಬೀಸುವುದಿಲ್ಲ, ನೂಕುತ್ತದೆ, ನಿಲ್ಲುತ್ತದೆ, ಮತ್ತೆ ನೂಕುತ್ತದೆ. ಗಾಳಿಯ ಲೆಕ್ಕ ಹಾಕಿ ಸೈಟ್ ತಿರುಗಿಸುತ್ತಾ ಕೂತರೆ ತಲೆಕೆಡುತ್ತದೆ. ಹೊಸಬರಿಗೆ ಸುಲಭದ ದಾರಿ ಎಂದರೆ ಕಾಯುವುದು. ರೇಂಜ್‌ನಲ್ಲಿ ಬಾವುಟ ಇದ್ದರೆ ಬಾವುಟ, ಇಲ್ಲದಿದ್ದರೆ ಬದಿಯ ಹುಲ್ಲು, ನೀಲಗಿರಿ ಎಲೆ. ಯಾವುದಾದರೂ ಒಂದನ್ನು ಗುರುತು ಇಟ್ಟುಕೊಳ್ಳಿ. ಅದು ಮತ್ತೆ ಮತ್ತೆ ಯಾವ ಸ್ಥಿತಿಗೆ ಬರುತ್ತದೆ ಅಂತ ಐದು ನಿಮಿಷ ನೋಡಿ. ಆ ಸ್ಥಿತಿಯಲ್ಲಿ ಮಾತ್ರ ಹೊಡೆಯಿರಿ, ಬದಲಾದರೆ ಬೆರಳು ತೆಗೆಯಿರಿ. ಟಾರ್ಗೆಟ್ ಹತ್ತಿರದ ಗಾಳಿಗಿಂತ ನಿಮ್ಮ ಹತ್ತಿರದ ಗಾಳಿಯ ಪರಿಣಾಮ ಜಾಸ್ತಿ, ಯಾಕೆಂದರೆ ಶುರುವಿನಲ್ಲೇ ದಾರಿ ತಪ್ಪಿದ ಗುಂಡು ಕೊನೆವರೆಗೂ ಆ ಕಡೆಗೇ ಹೋಗುತ್ತಿರುತ್ತದೆ. ಗ್ರೂಪ್ ಪರೀಕ್ಷೆ ಮಾಡುವುದಿದ್ದರೆ ಬಿಸಿಲೇರುವ ಮೊದಲೇ ಮುಗಿಸಿಕೊಳ್ಳಿ.

ಕಾಗದ ಓದಿ, ಆಮೇಲೆ ಸ್ಕ್ರೂ ಮುಟ್ಟಿ

ಗ್ರೂಪ್ ಉದ್ದಕ್ಕೆ ಮೇಲೆ ಕೆಳಗೆ ಹರಡಿದ್ದರೆ ಉಸಿರನ್ನು ನೋಡಿ, ಆಮೇಲೆ ರೌಂಡ್ ಅನುಮಾನಿಸಿ. ಅಡ್ಡಕ್ಕೆ ಹರಡಿದ್ದರೆ ಗಾಳಿ, ಟ್ರಿಗರ್, ಇಲ್ಲವೇ ರೈಫಲ್ ಪಕ್ಕಕ್ಕೆ ವಾಲುತ್ತಿರುವುದು. ಎರಡು ಬೇರೆ ಬೇರೆ ಗುಂಪಾಗಿ ಬಿದ್ದಿದ್ದರೆ ಕೆನ್ನೆಯ ಜಾಗ ಬದಲಾಗಿದೆ, ಅಥವಾ ರೈಫಲ್‌ನ ಮರದ ಭಾಗಕ್ಕೆ ಬ್ಯಾರೆಲ್ ಭಾಗವನ್ನು ಹಿಡಿದಿರುವ ಸ್ಕ್ರೂ ಸಡಿಲಾಗಿದೆ. ಆ ಸ್ಕ್ರೂಗಳನ್ನು ಪ್ರತಿ ಸಲ ಒಂದೇ ಬಿಗಿಗೆ ಹಾಕಬೇಕು, ಕ್ಲಬ್‌ನಲ್ಲಿ ಟಾರ್ಕ್ ರೆಂಚ್ ಇದ್ದರೆ ಕೇಳಿ ತೆಗೆದುಕೊಳ್ಳಿ.

ಗ್ರೂಪ್ ಒಂದು ಕಡೆ ಕೂಡಿತಾ? ಈಗ ಅದರ ನಡುವೆ ಪೆನ್ಸಿಲ್‌ನಿಂದ ಚುಕ್ಕೆ ಇಟ್ಟು ಬುಲ್‌ಗೆ ಎಷ್ಟು ದೂರ ಅಂತ ಅಳೆಯಿರಿ. ಗುಂಡು ಯಾವ ಕಡೆ ಹೋಗಬೇಕೋ ಕಣ್ಣಿನ ಹತ್ತಿರದ ಬ್ಯಾಕ್‌ಸೈಟನ್ನು ಆ ಕಡೆಗೆ ಸರಿಸಿ, ಫೋರ್‌ಸೈಟ್ ಆದರೆ ಅದರ ಎದುರು ಕಡೆಗೆ. ಒಂದು ಗುಂಡು ನೋಡಿ ತಿರುಗಿಸಬೇಡಿ.

ಮುಗಿದ ಮೇಲೆ ಬ್ಯಾರೆಲನ್ನು ದಿನಾ ಉಜ್ಜಿ ಉಜ್ಜಿ ಹೊಳೆಯಿಸುವ ಅಗತ್ಯ ಇಲ್ಲ. ಮೃದು ಸೀಸದ ಗುಂಡಿನಿಂದ ಬ್ಯಾರೆಲ್ ಸವೆಯುವುದು ಕಮ್ಮಿ, ಕ್ಲೀನಿಂಗ್ ರಾಡ್ ಬಾಯಂಚಿಗೆ ಉಜ್ಜಿ ಆಗುವ ಹಾನಿಯೇ ಜಾಸ್ತಿ. ಸಾಧ್ಯ ಇರುವ ರೈಫಲ್‌ಗಳಲ್ಲಿ ರಾಡನ್ನು ಬೋಲ್ಟ್ ಕಡೆಯಿಂದಲೇ ತೂರಿಸಿ. ಚೇಂಬರ್ ಮುಂದೆ ಕಟ್ಟುವ ಮಸಿಯನ್ನು ಮಾತ್ರ ಆಗಾಗ ತೆಗೆಯಬೇಕು. ಸೀಸ ಕೈಗೆ ಅಂಟಿರುತ್ತದೆ, ತಿಂಡಿ ಪೊಟ್ಟಣ ಬಿಚ್ಚುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.