ಕಾರವಾರದ ಮಳೆಯಲ್ಲಿ ಶುಂಠಿ: ಎರಡು ವರ್ಷ ಕೊಳೆಸಿ ಮೂರನೇ ವರ್ಷ ಬೆಳೆದಿದ್ದು

ಜುಲೈ ಮೂರನೇ ವಾರ ಇರಬೇಕು. ಬಟ್ಟೆ ಹರವಲು ಜಾಗ ಹುಡುಕುತ್ತ ಹಿತ್ತಿಲಿಗೆ ಹೋದರೆ ಏನೋ ಸತ್ತ ವಾಸನೆ. ಇಲಿಯೋ ಹೆಗ್ಗಣವೋ ಸತ್ತಿದೆ ಅಂದುಕೊಂಡು ಕಟ್ಟಿಗೆ ರಾಶಿಯ ಸಂದಿ, ಬಚ್ಚಲ ಹಿಂದೆ, ಎಲ್ಲ ಕಡೆ ನೋಡಿದೆ. ಕೊನೆಗೆ ಮೂಗು ಹಿಡಿದುಕೊಂಡೇ ಹೋದರೆ ವಾಸನೆ ಬರುತ್ತಿದ್ದದ್ದು ನನ್ನ ಶುಂಠಿ ಮಡಿಯಿಂದ. ಒಂದು ಗಿಡ ಹಿಡಿದು ಸುಮ್ನೆ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾಂಡ ಕೈಗೆ ಬಂತು, ಗಡ್ಡೆ ಮಣ್ಣಲ್ಲೇ ಉಳಿಯಿತು. ಅದನ್ನು ಗೆಬರಿ ತೆಗೆದರೆ ಮೇಲೆ ಸಿಪ್ಪೆ, ಒಳಗೆ ಗಂಜಿ. ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ನಾನು ಹುಟ್ಟಿ ಬೆಳೆದದ್ದು ಶಿರಸಿ ಕಡೆಯ ಹಳ್ಳಿಯಲ್ಲಿ. ಅಲ್ಲಿ ಶುಂಠಿಯನ್ನು ಯಾರೂ 'ಬೆಳೆಸುತ್ತಿರಲಿಲ್ಲ', ಅದು ತೋಟದ ಬದಿಯಲ್ಲಿ ಇರುತ್ತಿತ್ತು ಅಷ್ಟೇ. ಕಷಾಯಕ್ಕೋ ತಂಬುಳಿಗೋ ಬೇಕು ಅಂದರೆ ಆಯಿ (ನಮ್ಮಮ್ಮ) ಹೋಗಿ ಒಂದು ತುಂಡು ಮುರಿದುಕೊಂಡು ಬರುತ್ತಿದ್ದಳು. ಹಾಗಾಗಿ ಮದುವೆಯಾಗಿ ಕಾರವಾರಕ್ಕೆ ಬಂದು, ಕೋಡಿಬಾಗದ ಕಡೆ ಮನೆ ಮಾಡಿ, ಹಿಂದೆ ನಾಲ್ಕು ಹೆಜ್ಜೆ ಜಾಗ ಸಿಕ್ಕಾಗ ಮೊದಲು ಹಾಕಿದ್ದೇ ಶುಂಠಿ. ಅದೇನು ಮಹಾ, ಅಲ್ವಾ ಅಂತ.

ಮಹಾ ಇತ್ತು. ನಮ್ಮ ಹಿತ್ತಿಲ ನೆಲ ನೋಡಲು ಮರಳು ಮಣ್ಣು, ನೀರು ಬಸಿದು ಹೋಗುತ್ತದೆ ಅಂದುಕೊಂಡಿದ್ದೆ. ಆದರೆ ಇದು ಹೊಳೆ ಸಮುದ್ರ ಸೇರುವ ಜಾಗ. ಬೇಸಿಗೆಯಲ್ಲಿ ಸರಿ, ಆರಿದ್ರಾ ಮಳೆ ಹಿಡಿಯಿತು ಅಂದರೆ ಒಂದು ಮೊಳ ಅಗೆದರೆ ಕೆಳಗಿನಿಂದಲೇ ನೀರು ಬರುತ್ತದೆ. ಮೇಲಿನ ನೀರು ಬಸಿಯುವುದಾದರೂ ಎಲ್ಲಿಗೆ? ಅದೂ ಸಾಲದು ಅಂತ ನಾನು ಮಳೆ ಬಿಟ್ಟ ಎರಡು ದಿನ ಕೊಡದಲ್ಲಿ ನೀರು ಬೇರೆ ಹೊಯ್ದಿದ್ದೆ. ಫೋನಿನಲ್ಲಿ ಹೇಳಿದಾಗ ಆಯಿ ಕೇಳಿದ್ದು ಒಂದೇ ಮಾತು: "ಅದೆಂತ ಭತ್ತದ ಗದ್ದೆಯನೇ, ನೀರು ನಿಲ್ಲಿಸಲೆ?"

ಶುಂಠಿ ಬೆಳೆಸುವುದು ಹೇಗೆ ಅಂತ ಹುಡುಕಿದರೆ ಸಿಗುವ ಸಲಹೆಯಲ್ಲಿ ಅರ್ಧ ಚಳಿ ದೇಶದವರದ್ದು. ಬೆಚ್ಚಗಿಡಿ, ಕಿಟಕಿ ಪಕ್ಕ ಇಡಿ, ತೇವ ಆರದಂತೆ ನೋಡಿಕೊಳ್ಳಿ. ನಮಗೆ ಬೆಚ್ಚಗಿಡುವ ಕಷ್ಟ ಇಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಲ್ಲಿ, ಅದರಲ್ಲೂ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುವಾಗ, ಗಡ್ಡೆಯ ಸುತ್ತ ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದೇ ಮುಕ್ಕಾಲು ಕೆಲಸ. ಕೊಳೆ ರೋಗ ತರುವ ಪಿಥಿಯಂ ಅನ್ನುವ, ಶಿಲೀಂಧ್ರದಂಥ ಸೂಕ್ಷ್ಮಜೀವಿ ನೀರಲ್ಲೇ ಈಜಿ ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ನೀರು ನಿಂತರೆ ಅದಕ್ಕೆ ದಾರಿ ಮಾಡಿಕೊಟ್ಟ ಹಾಗೆ.

ಎರಡನೇ ವರ್ಷ ನೆಲದ ಸಹವಾಸವೇ ಬೇಡ ಅಂತ ಗೊಬ್ಬರದ ಖಾಲಿ ಚೀಲಕ್ಕೆ ಹೋದೆ. ಎಂಟು ಚೀಲ. ತಳಕ್ಕೆ ತೂತು ಹೊಡೆದು, ಒಳ್ಳೆ ಮಣ್ಣು ತುಂಬಿ, ಹಿಂದಿನ ಗೋಡೆಗೆ ತಾಗಿದ ಹಾಗೆ ಸಾಲಾಗಿ ಇಟ್ಟೆ. ಜಾಗ ಸಾಲದ್ದಕ್ಕೆ ಐದು ಗೋಡೆ ಪಕ್ಕ, ಮೂರು ಒಂದು ಮಾರು ಆಚೆ ಕಾಂಪೌಂಡಿಗೆ ಒರಗಿಸಿ. ಆಗಸ್ಟ್ ಹೊತ್ತಿಗೆ ಗೋಡೆ ಪಕ್ಕದ ಐದೂ ಹಳದಿ. ಮೊದಲು ಕೆಳಗಿನ ಎಲೆಯ ಅಂಚು ಹಳದಿಯಾಗುತ್ತದೆ, ಹಾಗೇ ಮೇಲೇರುತ್ತದೆ, ಆಮೇಲೆ ಅದೇ ವಾಸನೆ. ಕಾಂಪೌಂಡಿನ ಮೂರು ಮಾತ್ರ ಏನೂ ಆಗಿಲ್ಲ ಅನ್ನುವಂತೆ ಹಸಿರಾಗಿ ನಿಂತಿದ್ದವು. ಅದೇ ಬೀಜ, ಅದೇ ಮಣ್ಣು, ಒಂದೇ ದಿನ ನೆಟ್ಟದ್ದು. ನನಗೆ ತಲೆಬುಡ ಗೊತ್ತಾಗಲಿಲ್ಲ. ಒಂದು ದಿನ ಜೋರು ಮಳೆಯಲ್ಲಿ ಹಿಂಬಾಗಿಲಲ್ಲಿ ಚಹಾ ಹಿಡಿದು ನಿಂತಾಗ ಕಣ್ಣಿಗೆ ಬಿತ್ತು: ಹಂಚಿನ ಮಾಡಿನ ನೀರೆಲ್ಲ ಸೂರಿನ ಅಂಚಿನಿಂದ ನೇರವಾಗಿ ಆ ಐದು ಚೀಲದ ಬಾಯಿಗೇ ಬೀಳುತ್ತಿತ್ತು. ಇಡೀ ಮಾಡಿನ ಮಳೆ ಐದು ಚೀಲಕ್ಕೆ! ತೂತು ಎಷ್ಟಿದ್ದರೇನು.

ಆ ಮೂರು ಚೀಲದಿಂದ ಒಂದೂಕಾಲು ಕಿಲೋ ಸಿಕ್ಕಿತು. ಅದು ಬಹಳ ಅಲ್ಲ, ಆದರೆ ಮೂರನೇ ವರ್ಷ ಏನು ಮಾಡಬೇಕು ಅಂತ ಗೊತ್ತಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೀಜದಿಂದ ಶುರು ಮಾಡುತ್ತೇನೆ, ಯಾಕೆಂದರೆ ಕೊಳೆ ರೋಗ ಬೀಜದ ಜೊತೆಗೇ ಬರುತ್ತದೆ. ಮೊದಲ ವರ್ಷ ಭಾನುವಾರದ ಸಂತೆಯಲ್ಲಿ ತಂದ ಅಡುಗೆ ಶುಂಠಿಯನ್ನೇ ನೆಟ್ಟಿದ್ದೆ. ತೊಳೆದು ಬಿಳಿ ಮಾಡಿಟ್ಟ ಶುಂಠಿ, ಮೊಳಕೆ ಬರುವ ಕಣ್ಣೆಲ್ಲ ಉಜ್ಜಿ ಹೋಗಿರುತ್ತದೆ, ಹತ್ತರಲ್ಲಿ ನಾಲ್ಕು ಮೊಳೆಯಲೇ ಇಲ್ಲ. ಈ ಸಲ ಆಯಿ ಹತ್ತಿರ ಊರ ಶುಂಠಿ ಕೇಳಿದೆ. ರಿಗೋಡಿ, ಹಿಮಾಚಲ ಎಲ್ಲ ದೊಡ್ಡದಾಗಿ ಬೆಳೆಯುವವರು ಹಾಕುವ ತಳಿ. ಗಡ್ಡೆ ದಪ್ಪ ಬರುತ್ತದೆ, ಮಾರಲು ಚೆಂದ. ಊರ ಶುಂಠಿ ಸಣ್ಣ, ನಾರು ಜಾಸ್ತಿ, ಆದರೆ ಖಾರ ಅಂದರೆ ಖಾರ. ಮನೆಗೆ ನನಗೆ ಅದೇ ಇಷ್ಟ. ಒಂದು ಕಿಲೋ ಶುಂಠಿ, ಒಂದು ಚೀಲ ಹಳೇ ಕೊಟ್ಟಿಗೆ ಗೊಬ್ಬರ, ಎರಡೂ ಹೊತ್ತುಕೊಂಡು ದೇವಿಮನೆ ಘಾಟಿ ಇಳಿದು ಬಂದೆ. ಗೊಬ್ಬರಕ್ಕೆ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ, "ಇದ್ರಲ್ಲಿ ಏನಿದೆ ಮೇಡಂ" ಅಂತ ಕೇಳಿದವನು ಉತ್ತರ ಕೇಳಿ ಚೀಲವನ್ನು ಹಿಂದಿನ ಸೀಟಿಗೆ ಕಳಿಸಿದ.

ಬೀಜದ ತುಂಡು ಹೆಬ್ಬೆರಳಷ್ಟು ಇದ್ದರೆ ಸಾಕು, ತೂಗಿದರೆ 20ರಿಂದ 25 ಗ್ರಾಂ. ಒಂದಾದರೂ ಉಬ್ಬಿದ ಕಣ್ಣಿರಬೇಕು, ಎರಡಿದ್ದರೆ ಒಳ್ಳೇದು. ಉಗುರಿನಿಂದ ಸ್ವಲ್ಪ ಒತ್ತಿ ನೋಡಿ. ಗಟ್ಟಿ ಇದ್ದು ಚುರುಕಾದ ವಾಸನೆ ಬಂದರೆ ಇಟ್ಟುಕೊಳ್ಳಿ, ಎಲ್ಲೋ ಒಂದು ಕಡೆ ಮೆತ್ತಗೆ ಒಳಗೆ ಹೋದರೆ ಆ ಇಡೀ ತುಂಡು ಎಸೆಯಿರಿ, ಅರ್ಧ ಕತ್ತರಿಸಿ ಉಳಿಸುವ ಆಸೆ ಬೇಡ. ಆಯಿ ಸಗಣಿ ನೀರಲ್ಲಿ ಅದ್ದಿ ಒಲೆ ಬೂದಿ ಮೆತ್ತುತ್ತಾಳೆ. ಎರಡು ವರ್ಷ ಪೆಟ್ಟು ತಿಂದ ನಾನು ಮ್ಯಾಂಕೊಜೆಬ್ ಅನ್ನುವ ಶಿಲೀಂಧ್ರನಾಶಕ ತಂದು ಲೀಟರಿಗೆ 3 ಗ್ರಾಂ ಕಲಸಿ ಅರ್ಧ ಗಂಟೆ ಅದ್ದಿಟ್ಟೆ, ನೆರಳಲ್ಲಿ ಒಣಗಿಸಿದೆ. ಗೋಣಿ ಮೇಲೆ ಎರಡು ದಿನ ಬಿಟ್ಟೆ, ಕತ್ತರಿಸಿದ ಮುಖ ಒಣಗಿ ಚರ್ಮ ಕಟ್ಟಿಕೊಳ್ಳಲಿ ಅಂತ.

ಮಣ್ಣು. ಎರಡು ಬುಟ್ಟಿ ಕೆಂಪು ಮಣ್ಣು, ಒಂದು ಬುಟ್ಟಿ ಗೊಬ್ಬರ, ಒಂದು ಬುಟ್ಟಿ ಹೊಳೆ ಮರಳು, ಅರ್ಧ ಬುಟ್ಟಿ ಕಳಿತ ಅಡಿಕೆ ಸಿಪ್ಪೆ. ಸಮುದ್ರ ಪಕ್ಕದಲ್ಲೇ ಇದೆ, ಮರಳಿಗೆ ದುಡ್ಡು ಯಾಕೆ ಅಂತ ಯಜಮಾನರು ಕೇಳಿದರು. ಸಮುದ್ರದ ಮರಳಲ್ಲಿ ಉಪ್ಪು, ಶುಂಠಿಗೆ ಆಗುವುದಿಲ್ಲ. ಗೊಬ್ಬರಕ್ಕೆ ಟ್ರೈಕೋಡರ್ಮಾ ಪುಡಿ ಕಲಸಿ ಹದಿನೈದು ದಿನ ಒದ್ದೆ ಗೋಣಿ ಮುಚ್ಚಿ ನೆರಳಲ್ಲಿ ಇಟ್ಟಿದ್ದೆ. ಕೊಳೆ ತರುವ ಜೀವಿಯನ್ನು ಹತ್ತಿಕ್ಕುವ ಒಳ್ಳೆ ಜಾತಿಯ ಶಿಲೀಂಧ್ರ ಅದು.

ಚೀಲದ ಬಾಯಿ ಮಡಚಿ ಒಂದೂವರೆ ಅಡಿ ಎತ್ತರ ಮಾಡಿಕೊಂಡೆ. ತಳಕ್ಕೆ ಎಂಟು ತೂತು, ಬದಿಗೆ ತಳದಿಂದ ಎರಡು ಬೆರಳು ಮೇಲೆ ಆರು ತೂತು. ಮಣ್ಣು ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿದೆ, ಬಾಯಿವರೆಗೆ ತುಂಬಬೇಡಿ. ಒಂದು ಚೀಲಕ್ಕೆ ಮೂರು ತುಂಡು, ಕಣ್ಣು ಮೇಲೆ ಮಾಡಿ ಎರಡು ಇಂಚು ಆಳಕ್ಕೆ. ಹನ್ನೊಂದು ಚೀಲ, ಪ್ರತಿಯೊಂದರ ಕೆಳಗೂ ಎರಡು ಚಿರೇಕಲ್ಲಿನ ತುಂಡು, ತೂತು ನೆಲಕ್ಕೆ ಮುಚ್ಚಿಹೋಗಬಾರದಲ್ಲ. ಇಟ್ಟದ್ದು ಸೂರಿನಿಂದ ದೂರ, ಬೆಳಿಗ್ಗೆ ಹನ್ನೊಂದರವರೆಗೆ ಬಿಸಿಲು ಬೀಳುವ ಕಾಂಪೌಂಡ್ ಬದಿ. ಶುಂಠಿಗೆ ನೆರಳು ಇಷ್ಟ ಅಂತ ಪೂರ್ತಿ ಮಾವಿನ ಮರದಡಿ ಇಡಬೇಡಿ. ಮಳೆಗಾಲದಲ್ಲಿ ಮೊದಲೇ ಬೆಳಕು ಕಮ್ಮಿ, ಗಿಡ ಸೊಂಟದುದ್ದ ಬೆಳೆದು ಗಡ್ಡೆ ಬೆರಳಷ್ಟೇ ಇರುತ್ತದೆ.

ನೆಟ್ಟದ್ದು ಮೇ ಎರಡನೇ ವಾರ, ಭರಣಿ ಮಳೆ ಒಂದು ಬಿದ್ದ ಮೇಲೆ. ಜೂನ್ ಮಳೆ ಹಿಡಿಯುವ ಮೊದಲೇ ಬೇರು ಬಿಟ್ಟಿರಬೇಕು, ಬೇರಿಲ್ಲದ ತುಂಡು ಒದ್ದೆ ಮಣ್ಣಲ್ಲಿ ಸುಮ್ನೆ ಕೂತರೆ ಕೊಳೆಯುವುದೇ ಜಾಸ್ತಿ. ಹದಿನೆಂಟನೇ ದಿನ ಮೊದಲ ಮೊಳಕೆ ಕಂಡಿತು. ಕೊನೆಯದು ಕಂಡಿದ್ದು ನಲವತ್ತನೇ ದಿನ. ನಡುವೆ ಅಗೆದು ನೋಡುವ ಚಟ ನನಗೂ ಇತ್ತು, ಒಂದು ಮೊಳಕೆ ಹಾಗೇ ಮುರಿದು ಹೋಯಿತು.

ಮೇಲೆ ಸೊಪ್ಪಿನ ಹೊದಿಕೆ ಮಾತ್ರ ತಪ್ಪಿಸಬೇಡಿ. ಘಟ್ಟದ ಮೇಲೆ ಇದಕ್ಕೆ ಯೋಚನೆಯೇ ಇಲ್ಲ, ಅಡಿಕೆ ತೋಟಕ್ಕೆ ಅಂತಲೇ ಸೊಪ್ಪಿನ ಬೆಟ್ಟ ಇರುತ್ತದೆ, ದರಕು (ಉದುರಿದ ಒಣ ಎಲೆ) ಗುಡಿಸಿ ತಂದರಾಯಿತು. ಇಲ್ಲಿ ನಾನು ಗೊಬ್ಬರದ ಗಿಡದ ಸೊಪ್ಪು, ರಸ್ತೆ ಬದಿಯ ಮಾವಿನೆಲೆ, ಏನು ಸಿಕ್ಕಿತೋ ಅದು. ನೆಟ್ಟ ದಿನ ಒಂದು ಸಲ, ಒಂದೂವರೆ ತಿಂಗಳಿಗೆ ಒಂದು ಸಲ, ಮೂರು ತಿಂಗಳಿಗೆ ಇನ್ನೊಂದು ಸಲ. ಮಳೆ ಹನಿ ನೇರ ಮಣ್ಣಿಗೆ ಹೊಡೆದರೆ ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಅದಕ್ಕೆ ಇದು. ಎರಡನೇ, ಮೂರನೇ ಸಲ ಸೊಪ್ಪು ಹಾಕುವ ಮೊದಲು ಎರಡು ಹಿಡಿ ಗೊಬ್ಬರ, ಬುಡಕ್ಕೆ ಮಣ್ಣು. ಚೀಲ ಅರ್ಧ ಖಾಲಿ ಬಿಟ್ಟದ್ದು ಇದಕ್ಕೇ, ಗಡ್ಡೆ ಮೇಲ್ಮುಖವಾಗಿ ಬರುತ್ತದೆ, ಬೆಳಕು ಕಂಡರೆ ಹಸಿರಾಗುತ್ತದೆ. ಪಕ್ಕದ ಮನೆ ಬಾಯಿಯ (ಇಲ್ಲಿ ಹೆಂಗಸರನ್ನು ಹಾಗೇ ಕರೆಯುವುದು) ಕೋಳಿಗಳು ಹೊದಿಕೆ ಕೆದರಿ ಎರೆಹುಳ ಹುಡುಕಲು ಶುರು ಮಾಡಿದ್ದವು. ಹಳೇ ಮೀನು ಬಲೆ ಅವರೇ ತಂದು ಮುಚ್ಚಿದರು. "ನಿಮ್ಮ ಆಲೆಂ (ಶುಂಠಿ) ಬಂದ ಮೇಲೆ ನಂಗೂ ಒಂದು ತುಂಡು" ಅಂದರು.

ಕೀಟ ಜಾಸ್ತಿ ಕಾಡಲಿಲ್ಲ. ಎರಡು ಕಾಂಡದಲ್ಲಿ ಸಣ್ಣ ತೂತು, ಪಕ್ಕದಲ್ಲಿ ಹಿಟ್ಟಿನಂಥ ಹಿಕ್ಕೆ, ಸುಳಿ ಒಣಗಿತ್ತು. ಕಾಂಡ ಕೊರೆಯುವ ಹುಳ. ಬುಡದಿಂದ ಕತ್ತರಿಸಿ ಒಲೆಗೆ ಹಾಕಿದೆ, ಅಷ್ಟೇ.

ಹೆದರಿಸಿದ್ದು ಆಗಸ್ಟಿನಲ್ಲಿ. ಒಂದು ಚೀಲದ ಗಿಡ ಹಳದಿಯಾಗದೆ, ಹಸಿರಿರುವಾಗಲೇ ಎಲೆ ಸುರುಳಿ ಸುತ್ತಿ ಬಾಡಿ ನಿಂತಿತ್ತು, ಅದೂ ಬೆಳಿಗ್ಗೆ ಏಳು ಗಂಟೆಗೆ. ಇದು ಕೊಳೆ ಅಲ್ಲ ಅನ್ನಿಸಿತು. ಒಂದು ಕಾಂಡ ಬುಡದಲ್ಲಿ ಕತ್ತರಿಸಿ, ಗಾಜಿನ ಲೋಟದಲ್ಲಿ ನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಹಿಡಿದೆ. ಒಂದೆರಡು ನಿಮಿಷಕ್ಕೆ ತುದಿಯಿಂದ ಬಿಳಿ ಎಳೆ ಇಳಿಯಲು ಶುರುವಾಯಿತು, ಊದುಬತ್ತಿ ಹೊಗೆಯನ್ನು ತಲೆಕೆಳಗೆ ಮಾಡಿದ ಹಾಗೆ, ಹಾಲಿನಂಥ ಸಣ್ಣ ಎಳೆ. ಅದು ಬ್ಯಾಕ್ಟೀರಿಯಾ. ಇದಕ್ಕೆ ಮನೆಯಲ್ಲಿ ಮಾಡುವ ಮದ್ದಿಲ್ಲ. ಚೀಲ ಸಮೇತ ಹೊರಗೆ ಸಾಗಿಸಿ, ಕತ್ತಿ ತೊಳೆದು ಬೆಂಕಿಗೆ ಹಿಡಿದೆ. ಆಮೇಲೆ ನೆನಪಾಯಿತು, ಆ ಒಂದು ಚೀಲಕ್ಕೆ ಮಣ್ಣು ಸಾಲದೆ ಹಳೇ ಬದನೆ ಕುಂಡದ ಮಣ್ಣು ಸೇರಿಸಿದ್ದೆ. ಬದನೆ, ಟೊಮೆಟೊ, ಮೆಣಸಿನ ಗಿಡ ಬಾಡಿಸುವ ಜಾತಿಯ ಬ್ಯಾಕ್ಟೀರಿಯಾವೇ ಶುಂಠಿಗೂ ಬರುವುದು. ಬನವಾಸಿ, ಮುಂಡಗೋಡ ಕಡೆ ಗದ್ದೆ ಲೀಸಿಗೆ ಹಿಡಿದು ಶುಂಠಿ ಹಾಕುವವರು ಮರುವರ್ಷ ಬೇರೆ ಜಾಗ ಹುಡುಕುವುದು ಸುಮ್ನೆ ಅಲ್ಲ. ನಾವು ಜಾಗ ಬದಲಿಸಲು ಆಗದು, ಮಣ್ಣು ಬದಲಿಸಬಹುದು.

ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ನೀರು ಕೊಡಲು ಶುರು ಮಾಡಿದೆ, ಮೂರು ದಿನಕ್ಕೊಮ್ಮೆ ಒಂದು ಚೊಂಬು. ಆ ಉರಿಬಿಸಿಲಲ್ಲೇ ಗಡ್ಡೆ ತುಂಬಿಕೊಳ್ಳುವುದು, ಆಗ ಮರೆತರೆ ಇಷ್ಟು ದಿನ ಮಾಡಿದ್ದು ದಂಡ. ದೀಪಾವಳಿಗೆ ಒಂದು ಚೀಲದ ಬದಿ ಕೆದಕಿ ಎಳೆ ಶುಂಠಿ ಒಂದು ತುಂಡು ಮುರಿದೆ. ಸಿಪ್ಪೆ ಬೆರಳಲ್ಲೇ ಉಜ್ಜಿದರೆ ಹೋಗುತ್ತದೆ, ತುದಿ ನಸುಗೆಂಪು, ನಾರೇ ಇಲ್ಲ. ಆವತ್ತು ತಂಬುಳಿ ಮಾಡಿದೆ, ಇಬ್ಬರೂ ಮಾತಾಡದೆ ಉಂಡೆವು.

ಡಿಸೆಂಬರ್ ಕೊನೆಗೆ ಎಲೆ ಹಳದಿಯಾದಾಗ ಈ ಸಲ ಹೆದರಲಿಲ್ಲ, ಇದು ಬಲಿತ ಹಳದಿ. ನೀರು ನಿಲ್ಲಿಸಿದೆ. ಕಾಂಡ ಒಣಗಿ ಮಗ್ಗುಲಾಗಿ ಮಲಗಿದ ಮೇಲೂ ಎರಡು ವಾರ ಬಿಟ್ಟು, ಜನವರಿಯಲ್ಲಿ ಚೀಲ ಮಗುಚಿದೆ. ಅಗೆಯುವ ಕೆಲಸ ಇಲ್ಲ, ಗಡ್ಡೆಗೆ ಪೆಟ್ಟಿಲ್ಲ. ಹತ್ತು ಚೀಲದಿಂದ ಐದೂಮುಕ್ಕಾಲು ಕಿಲೋ. ಒಂದೇ ಚೀಲದ್ದು 900 ಗ್ರಾಂ ತೂಗಿತು. ನೆಟ್ಟ ಬೀಜ ಮುಕ್ಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ ಇತ್ತು.

ಪಕ್ಕದ ಮನೆ ಬಾಯಿಗೆ ಅರ್ಧ ಕಿಲೋ ಕೊಟ್ಟೆ. ಒಂದು ಕಿಲೋ ಫೆಬ್ರವರಿಯಲ್ಲಿ ಊರಿಗೆ ಹೋಗುವಾಗ ಒಯ್ದೆ, ಆಲೆಮನೆ ನಡೆದಿತ್ತು, ಕಬ್ಬಿನ ಹಾಲಿಗೆ ಜಜ್ಜಿ ಹಾಕಿದರು. ಆಯಿ ಒಂದು ತುಂಡು ಕಚ್ಚಿ ನೋಡಿ "ಖಾರ ಇದ್ದು" ಅಂದಳು.

ಬೀಜಕ್ಕೆ ಅಂತ ಒಂದೂವರೆ ಕಿಲೋ ತೊಳೆಯದೆ ಇಟ್ಟಿದ್ದೇನೆ, ಅಗಲದ ಮಣ್ಣಿನ ಪಾತ್ರೆಯಲ್ಲಿ ಒಣ ಮರಳಿನ ಒಂದು ಪದರ, ಶುಂಠಿ ಒಂದು ಪದರ, ಬಾಯಿಗೆ ತೆಳು ಬಟ್ಟೆ. ವಾರಕ್ಕೊಮ್ಮೆ ಮೂಗು ಹಾಕಿ ನೋಡುತ್ತೇನೆ. ನಿನ್ನೆ ಎರಡು ತುಂಡು ಮೆತ್ತಗಾಗಿದ್ದವು, ತೆಗೆದು ಹಾಕಿದೆ.