ಸ್ಕೀ ಬೆಟ್ಟದ ಮೇಲೆ, ಮನೆ ಕಣಿವೆಯಲ್ಲಿ: ಮೂರನೇ ಸಲಕ್ಕೆ ಲೆಕ್ಕ ಕೂಡಿಬಂತು

"ಭಾವ, ಕಾಸಿಗೆ ತಕ್ಕ ಕಜ್ಜಾಯ. ಕೆಳಗಿನ ಊರಲ್ಲಿ ಮನೆ ಹಿಡಿದರೆ ದಿನಾ ಹತ್ತಿ ಇಳಿಯೋದ್ರಲ್ಲೇ ಅರ್ಧ ರಜೆ ಮುಗಿಯತ್ತೆ." ಈ ಸಲ ಮನೆಯನ್ನು ಸ್ಕೀ ಬೆಟ್ಟದ ಮೇಲೆ ಬೇಡ, ಬುಡದ ಊರಲ್ಲಿ ಅಗ್ಗಕ್ಕೆ ಹಿಡಿಯೋಣ ಅಂತ ನಾನು ಅಂದಿದ್ದಕ್ಕೆ ಭಾಮೈದ ಹೀಗೆ ಹೇಳಿದಾಗ ನನ್ನ ಹೆಂಡತಿಯೂ ಅವನ ಪಕ್ಷವೇ. ಗೆಳೆಯ ದಂಪತಿಗಳು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವರ ಅನುಮಾನ ತಪ್ಪು ಅಂತ ಹೇಳುವ ಹಾಗೂ ಇರಲಿಲ್ಲ, ಯಾಕೆಂದರೆ ಅದಕ್ಕೂ ಮುಂಚೆ ಎರಡು ವರ್ಷ ಆಲ್ಪ್ಸ್‌ನಲ್ಲಿ ಹಿಮದ ಮೇಲೆ ಜಾರುವ ಸ್ಕೀ ರಜೆಯನ್ನು ಯೋಜಿಸಿ ಕೆಡಿಸಿದವನು ನಾನೇ. ಈ ಸಲ ಸರಿಹೋಯಿತು. ಸರಿಹೋಯಿತು ಅನ್ನುವುದಕ್ಕಿಂತ ತಲೆಗೆ ಹೆಚ್ಚುಕಮ್ಮಿ ಅರ್ಧ ದುಡ್ಡಿನಲ್ಲಿ ಮುಗಿಯಿತು, ಅದಕ್ಕೇ ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನವು, ಐದು ಹತ್ತು ಯುರೋ ಆಚೀಚೆ ಆಗಬಹುದು.

ಮೊದಲು ಕೆಟ್ಟ ಕಥೆಗಳು.

ಮೊದಲ ವರ್ಷ ಫೆಬ್ರವರಿ ಮಧ್ಯಕ್ಕೆ ಬುಕ್ ಮಾಡಿದೆ. ಹಿಮ ಚೆನ್ನಾಗಿರುತ್ತೆ ಅನ್ನುವ ಒಂದೇ ಯೋಚನೆ. ಫ್ರಾನ್ಸ್‌ನಲ್ಲಿ ಶಾಲೆಗಳ ಚಳಿಗಾಲದ ರಜೆ ಎ, ಬಿ, ಸಿ ಅಂತ ಮೂರು ವಲಯಗಳಲ್ಲಿ ಸರದಿಯ ಮೇಲೆ ಬರುತ್ತೆ, ಎಲ್ಲ ಸೇರಿ ನಾಲ್ಕು ವಾರ. ಬ್ರಿಟನ್ನಿನ ಶಾಲೆಗಳಿಗೂ ಅದೇ ಹೊತ್ತಿಗೆ ಒಂದು ವಾರ ಬಿಡುವು. ಇದೆಲ್ಲ ನನಗೆ ಗೊತ್ತಾಗಿದ್ದು ಹೋದ ಮೇಲೆ. ಶನಿವಾರ ಫ್ರೆಂಚ್ ಆಲ್ಪ್ಸ್‌ನ ಆಲ್ಬೆರ್‌ವಿಲ್ ಊರು ದಾಟಿ ಮೂತಿಯೆ ಕಡೆ ಹೋಗುವ ರಸ್ತೆಯಲ್ಲಿ ಕಾರು ನಿಂತೇ ಬಿಟ್ಟಿತು. ಮೇಲಿನ ಮನೆಗಳೆಲ್ಲ ಶನಿವಾರದಿಂದ ಶನಿವಾರಕ್ಕೆ, ಹಾಗಾಗಿ ಹೋಗುವವರೂ ಬರುವವರೂ ಒಂದೇ ದಿನ ಒಂದೇ ಕಣಿವೆಯಲ್ಲಿ. ಬೆಟ್ಟದ ಮೇಲೆಯೇ ಇದ್ದ ಪುಟ್ಟ ಮನೆಗೆ ನಾಲ್ಕು ಜನಕ್ಕೆ 1,700 ಯುರೋ ಕೊಟ್ಟೆವು. ಸೋಫಾ ಬಿಚ್ಚಿದರೆ ಬಚ್ಚಲ ಬಾಗಿಲು ತೆಗೆಯೋಕೆ ಆಗುತ್ತಿರಲಿಲ್ಲ. ಆರು ದಿನದ ಪಾಸ್ (ಸ್ಕೀ ಮಾಡುವವರನ್ನು ಬೆಟ್ಟ ಹತ್ತಿಸುವ ಲಿಫ್ಟುಗಳ ಟಿಕೆಟ್), ಅಂಗಡಿಗೆ ಹೋಗಿ ನೇರವಾಗಿ ತೆಗೆದುಕೊಂಡ ಬಾಡಿಗೆ ಸ್ಕೀ, ದಿನಾ ಮಧ್ಯಾಹ್ನ ಬೆಟ್ಟದ ಮೇಲಿನ ಹೋಟೆಲ್ ಊಟ. ಪ್ರಯಾಣ ಬಿಟ್ಟು ತಲೆಗೆ 1,050 ದಾಟಿತು. ಆರು ದಿನದ ಪಾಸಿನಲ್ಲಿ ನಾಲ್ಕನೇ ದಿನ ಮಧ್ಯಾಹ್ನಕ್ಕೇ ಎಲ್ಲರ ತೊಡೆ ಸೋತಿದ್ದವು. ಐದನೇ ದಿನ ಹೆಂಡತಿ ಮನೆ ಬಿಟ್ಟು ಹೊರಗೇ ಬರಲಿಲ್ಲ.

ಎರಡನೇ ವರ್ಷ ಜಾಣತನ ಮಾಡಿದೆ. ಅಗ್ಗ ಅಂತ ಮುಗ್ಗಲು ಜೋಳ ಕೊಂಡ ಹಾಗೆ. ಸುಮಾರು 1,100 ಮೀಟರ್ ಎತ್ತರದ ಒಂದು ಮುದ್ದಾದ ಹಳ್ಳಿ, ಕ್ರಿಸ್‌ಮಸ್ ವಾರ, ಚಿತ್ರದಲ್ಲಿ ಮರದ ಮನೆಗಳ ಮೇಲೆಲ್ಲ ಹಿಮ. ನಾವು ಹೋದಾಗ ಏಳು ಡಿಗ್ರಿ, ಜಿಟಿಜಿಟಿ ಮಳೆ. ಹಸಿರು ಹುಲ್ಲಿನ ನಡುವೆ ಒಂದೇ ಒಂದು ಬಿಳಿ ಪಟ್ಟಿ, ಯಾರೋ ಗುಡ್ಡಕ್ಕೆ ಸುಣ್ಣ ಬಳಿದ ಹಾಗೆ. ಕೃತಕ ಹಿಮ ಉಗುಳುವ ಫಿರಂಗಿಗಳು ಸಾಲಾಗಿ ನಿಂತಿದ್ದವು, ಆದರೆ ಗಾಳಿ ಶೂನ್ಯಕ್ಕಿಂತ ಎರಡು ಮೂರು ಡಿಗ್ರಿಯಾದರೂ ಕೆಳಗಿಳಿಯದೆ, ಅದೂ ಒಣ ಗಾಳಿಯಲ್ಲದೆ, ಅವುಗಳಿಂದ ಏನೂ ಆಗಲ್ಲ. ಮುಂಚೆಯೇ ಕಟ್ಟಿದ್ದ ಪಾಸಿನ ದುಡ್ಡಿನಲ್ಲಿ ವಾಪಸ್ ಬಂದಿದ್ದು ಚೂರು. ಒಟ್ಟು 900 ಯುರೋ ನೀರಲ್ಲಿ ಹೋಯಿತು, ಮಳೆಯಾಗಿದ್ದರಿಂದ ಅಕ್ಷರಶಃ. ಆಮೇಲೆ ಹಳ್ಳಿಯ ಎತ್ತರ ನೋಡುವುದನ್ನೇ ಬಿಟ್ಟೆ. ಈಗ ನೋಡುವುದು ಎರಡೇ: ಲಿಫ್ಟುಗಳು ಎಷ್ಟು ಎತ್ತರದವರೆಗೆ ಹೋಗುತ್ತವೆ, ಸಂಜೆ ವಾಪಸ್ ಬರುವ ಇಳಿಜಾರು ಎಲ್ಲಿ ಮುಗಿಯುತ್ತೆ.

ಮೂರನೇ ಸಲ ಫ್ರಾನ್ಸ್‌ನ ಲೆಝಾರ್ಕ್ ಅನ್ನುವ ಸ್ಕೀ ಬೆಟ್ಟ. ಬೆಟ್ಟದ ಊರುಗಳ ಹೆಸರೇ ಹೆಚ್ಚುಕಮ್ಮಿ ಅವುಗಳ ಎತ್ತರ: ಆರ್ಕ್ 1600, 1800, 1950, 2000. ತುದಿಯಲ್ಲಿ ಎಗ್ವೀ ರೂಜ್ ಶಿಖರ, 3,226 ಮೀಟರ್. ಬುಡದಲ್ಲಿ ಬೂರ್ಗ್ ಸಾಂ ಮೊರೀಸ್, ಎಂಟುನೂರು ಚಿಲ್ಲರೆ ಮೀಟರ್ ಎತ್ತರದ ಸಾಧಾರಣ ಊರು. ರೈಲು ಹಳಿ ಅಲ್ಲಿಗೇ ಕೊನೆ. ಸ್ಟೇಷನ್ ಪಕ್ಕದಿಂದಲೇ ಒಂದು ಫ್ಯುನಿಕ್ಯುಲರ್ (ಹಗ್ಗ ಎಳೆಯುವ ಬೆಟ್ಟದ ರೈಲು) ಹತ್ತಿದರೆ ಏಳು ನಿಮಿಷಕ್ಕೆ ಆರ್ಕ್ 1600. ನನ್ನ ಯೋಜನೆ ನಿಂತಿದ್ದು ಆ ಏಳು ನಿಮಿಷದ ಮೇಲೆ. ಮೊದಲ ವರ್ಷ ಮೇಲೆಯೇ ಮನೆ ಇದ್ದಾಗಲೂ ಸ್ಕೀ ಹೊತ್ತು ಲಿಫ್ಟಿಗೆ ನಡೆಯಲು ಹತ್ತು ನಿಮಿಷ ಆಗುತ್ತಿತ್ತು. ಇದನ್ನು ಹೇಳಿದರೂ ಯಾರೂ ನಂಬಲಿಲ್ಲ. ಪಾಸ್ ಇದ್ದವರಿಗೆ ಅದಕ್ಕೆ ಬೇರೆ ಟಿಕೆಟ್ ಕೂಡ ಬೇಕಾಗಲಿಲ್ಲ.

ಕೆಳಗಿನ ಊರಲ್ಲಿ ಮನೆ ಹಿಡಿದರೆ ಇನ್ನೊಂದು ಅನುಕೂಲ, ಶನಿವಾರದ ಕಟ್ಟು ಇರುವುದಿಲ್ಲ. ಭಾನುವಾರ ಸಂಜೆ ಹೋಗಿ ಶನಿವಾರ ಬೆಳಿಗ್ಗೆ, ಎದುರಿನ ಸಾಲು ಶುರುವಾಗುವ ಮೊದಲೇ ಹೊರಟೆವು. ಆರು ರಾತ್ರಿ, ಐದು ಜನ, ಎರಡು ಮಲಗುವ ಕೋಣೆ, ಒಟ್ಟು ಸುಮಾರು 700. ದಿನಸಿ ಅಂಗಡಿ ಹತ್ತು ಹೆಜ್ಜೆ ದೂರ, ಬೆಟ್ಟದ ಮೇಲಿನ ದರವೂ ಅಲ್ಲ. ಮನೆ ಹುಡುಕಿದ ರೀತಿ ಮಾತ್ರ ಹೇಳಲ್ಲ. ಮುಂದಿನ ಸಲ ನನಗೇ ಬೇಕು.

ವಾರ ಯಾವುದು? ಫ್ರೆಂಚ್ ಶಾಲಾ ರಜೆ ಮುಗಿದ ಮೇಲೆ, ಈಸ್ಟರ್‌ಗೆ ಮುಂಚೆ. ನಾವು ಹೋಗಿದ್ದು ಮಾರ್ಚ್ ಮೂರನೇ ವಾರ. "ಮಾರ್ಚ್‌ನಲ್ಲಿ ಕೆಸರು ಇರತ್ತೆ" ಅಂತ ಭಾಮೈದ. ಇರುತ್ತೆ, ಮಧ್ಯಾಹ್ನ ಎರಡರ ಮೇಲೆ. ಆ ತಿಂಗಳ ಹಿಮ ರಾತ್ರಿ ಗಾಜಾಗಿ ಬೆಳಿಗ್ಗೆ ಸೂರ್ಯ ಬಿದ್ದ ಕಡೆ ಮೊದಲು ಮೆತ್ತಗಾಗುತ್ತೆ. ಆದ್ದರಿಂದ ಬಿಸಿಲನ್ನು ಹಿಂಬಾಲಿಸಬೇಕು, ಅಷ್ಟೇ. ಬೆಳಿಗ್ಗೆ ಆರ್ಕ್ 1800ರಿಂದ ಟ್ರಾನ್ಸಾರ್ಕ್ ಅನ್ನುವ ತೊಟ್ಟಿಲು ಲಿಫ್ಟ್ (ಕೇಬಲ್ ಕಾರ್) ಹಿಡಿದು ಕೋಲ್ ದ ಲಾ ಶಾಲ್ ಅನ್ನುವ ಕಣಿವೆಮಾರ್ಗ ದಾಟಿ ಆರ್ಕ್ 2000ದ ಬೋಗುಣಿಯಂಥ ತಗ್ಗಿಗೆ. ಅತ್ತ ಇಳಿಯುವ ಇಳಿಜಾರಿಗೆ ಬೆಳಗಿನ ಬಿಸಿಲು. ಮಧ್ಯಾಹ್ನ ಈಚೆ ಕಡೆಗೆ ವಾಪಸ್, ಪೆಯ್ಸೆ ಹಳ್ಳಿ ಕಡೆಯ ಮರಗಳ ನಡುವೆ. ಮೋಡ ಮುಸುಕಿ ನೆಲ ಆಕಾಶ ಒಂದೇ ಬಣ್ಣ ಆದ ದಿನವೂ ಆ ಮರಗಳೇ ಗತಿ. ಏರು ತಗ್ಗು ಕಣ್ಣಿಗೆ ಬೀಳುವುದು ಅಲ್ಲಿ ಮಾತ್ರ.

ಎಗ್ವೀ ರೂಜ್ ತುದಿಯಿಂದ ವಿಲಾರೋಜೆ ಹಳ್ಳಿಗೆ ಏಳು ಕಿಲೋಮೀಟರ್ ಇಳಿಜಾರಿದೆ, ಎರಡು ಸಾವಿರ ಮೀಟರ್ ಇಳಿಕೆ. ನಾನೂ ಹೆಂಡತಿಯೂ ಮಾಡಿದೆವು. ಮೇಲೆ ಪುಡಿ, ನಡುವೆ ಗಟ್ಟಿ, ಕೊನೆಗೆ ಪಾಯಸ. ಕೊನೆಯ ಕಾಲುಭಾಗ ಸ್ಕೀ ಮುಂದೆ ಹೋಗದೆ ಮೈ ಮಾತ್ರ ಮುಂದೆ ಹೋಗುತ್ತಿತ್ತು. ಮಾರ್ಚ್‌ನಲ್ಲಿ ಅದನ್ನು ಮಾಡುವುದಾದರೆ ಬೆಳಿಗ್ಗೆಯೇ ಮಾಡಿ. ನಾವು ಊಟ ಮುಗಿಸಿಕೊಂಡು ಹೊರಟಿದ್ದು ದಡ್ಡತನ.

ಪಾಸ್ ವಿಷಯಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಬಹು ದಿನದ ಪಾಸ್ ಸತತ ದಿನಗಳಿಗೆ. ಆರು ದಿನದ್ದು ಕೊಂಡರೆ ದಿನಕ್ಕೆ ಕಡಿಮೆ ಬೀಳುತ್ತೆ ಅಂತ ಎಲ್ಲರೂ ಅದನ್ನೇ ಕೊಳ್ಳುತ್ತಾರೆ, ಆಮೇಲೆ ದುಡ್ಡು ವಸೂಲಿಗೆ ಅಂತ ನೋವು ತಿಂದುಕೊಂಡು ಸ್ಕೀ ಮಾಡುತ್ತಾರೆ. ನಾನು ಎರಡು ದಿನದ್ದನ್ನು ಎರಡು ಸಲ ಕೊಂಡೆ: ಸೋಮವಾರ ಮಂಗಳವಾರ, ಗುರುವಾರ ಶುಕ್ರವಾರ. ಬುಧವಾರ ರಜೆಯೊಳಗೆ ರಜೆ. ದಿನದ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ, ಒಟ್ಟಿನಲ್ಲಿ ನೂರು ಯುರೋ ಕಡಿಮೆ. ತಲೆಗೆ ಸುಮಾರು 240 ಬಿತ್ತು. ಪಕ್ಕದ ಸ್ಕೀ ಪ್ರದೇಶ ಲಾ ಪ್ಲಾಞ್ ಸೇರಿಸಿದ ಪ್ಯಾರಡಿಸ್ಕಿ ಪಾಸ್ ಬೇಡ ಅಂದೆ. 425 ಕಿಲೋಮೀಟರ್ ಇಳಿಜಾರು ಅಂತ ಕೇಳಿದರೆ ಆಸೆ ಆಗುತ್ತೆ, ಆದರೆ ನಮ್ಮ ಗುಂಪು ನಾಲ್ಕು ದಿನದಲ್ಲಿ ಈಚೆ ಕಡೆಯದನ್ನೇ ಮುಗಿಸಲಿಲ್ಲ. ಆಚೆಗೆ ಹೋಗುವ ಎರಡಂತಸ್ತಿನ ವನುವಾಸ್ ಎಕ್ಸ್‌ಪ್ರೆಸ್ ತೊಟ್ಟಿಲನ್ನು ಕೆಳಗಿನಿಂದ ನೋಡಿ ಖುಷಿಪಟ್ಟೆವು. ಒಂದು ಸಲಕ್ಕೆ 200 ಜನ ಹಿಡಿಸುತ್ತಾರೆ ಅದರಲ್ಲಿ. ಗೆಳೆಯ ದಂಪತಿಗಳು ಹೊಸಬರು, ಮೊದಲ ಎರಡು ದಿನ ಅವರಿಗೆ ಪೂರಾ ಪಾಸ್ ಕೊಡಿಸಲೇ ಇಲ್ಲ, ಕಲಿಯುವವರ ಜಾಗವೇ ಸಾಕಾಯಿತು. ಪಾಠಕ್ಕೆ ಹನ್ನೆರಡರಿಂದ ಎರಡರ ಹೊತ್ತು ಕೇಳಿ. ಎಲ್ಲರೂ ಊಟಕ್ಕೆ ಹೋಗುವ ಹೊತ್ತು, ಮೇಷ್ಟ್ರು ಬೇರೆ ಹೊತ್ತಿಗಿಂತ ಅಗ್ಗಕ್ಕೆ ಸಿಗುತ್ತಾರೆ. ಕ್ಯಾರೆ ನೇಝ್ ಅನ್ನುವ ಸ್ಕೀ ಅಪಘಾತ ವಿಮೆ ಬಿಡಬೇಡಿ, ದಿನಕ್ಕೆ ಒಂದು ಕಾಫಿಯ ದುಡ್ಡು. ಬಿದ್ದವರನ್ನು ಸ್ಕೀ ಇಳಿಜಾರಿನಿಂದ ಎತ್ತಿಕೊಂಡು ಬರುವ ಬಿಲ್ಲು ನೂರಾರು ಯುರೋಗಳಲ್ಲಿ ಬರುತ್ತೆ.

ಈಗ ಅಸಲು ತಲೆನೋವು: ಒಂದೇ ಗುಂಪಿನಲ್ಲಿ ಸ್ಕೀಯವರು, ಸ್ನೋಬೋರ್ಡಿನವರು (ಎರಡೂ ಕಾಲಿಗೆ ಒಂದೇ ಹಲಗೆ, ಕೈಯಲ್ಲಿ ಕೋಲಿಲ್ಲ). ಮೊದಲ ವರ್ಷ ದಾರಿ ನಿರ್ಧರಿಸುತ್ತಿದ್ದುದು ನಾನು. ಮಧ್ಯದಲ್ಲಿ ಉದ್ದದ ಸಮತಟ್ಟು ಹಾದಿ ಬಂದರೆ ನಮಗೆ ಗೊತ್ತೇ ಆಗುವುದಿಲ್ಲ, ಕೋಲು ಊರಿ ತಳ್ಳಿಕೊಂಡು ಹೋಗುತ್ತೇವೆ. ತಿರುಗಿ ನೋಡಿದರೆ ಭಾಮೈದ ಇನ್ನೂರು ಮೀಟರ್ ಹಿಂದೆ. ಹಿಂಗಾಲು ಬಿಚ್ಚಿಕೊಂಡು, ಮುಂಗಾಲಿಗೆ ಬೋರ್ಡು ಕಟ್ಟಿಕೊಂಡೇ, ಕುಂಟುಬಿಲ್ಲೆ ಆಡುವ ಹಾಗೆ ಒಂದೊಂದೇ ತಳ್ಳು ತಳ್ಳಿಕೊಂಡು ಬರುತ್ತಿದ್ದ. ಕೊನೆಗೆ ನಾನು ಕೋಲನ್ನು ಹಿಂದಕ್ಕೆ ಚಾಚಿದೆ, ಅವನು ತುದಿಯ ಬಿಲ್ಲೆ ಹಿಡಿದ, ನಾನು ಎತ್ತಿನ ಹಾಗೆ ಎಳೆದೆ. ಹತ್ತು ಮೀಟರ್ ಹೋಗುವುದರೊಳಗೆ ಕೋಲಿನ ಬಿಲ್ಲೆ ಕಿತ್ತು ಅವನ ಕೈಗೆ ಬಂತು, ಇಬ್ಬರೂ ಬಿದ್ದೆವು.

ಈ ಸಲ ನಿಯಮ ತಿರುಗಿಸಿದೆ. ದಾರಿ ಹಾಕುವುದು ಬೋರ್ಡಿನವರು, ಸ್ಕೀಯವರು ಹಿಂದೆ. ಸಮತಟ್ಟು ಬರುತ್ತೆ ಅಂತ ಗೊತ್ತಿದ್ದರೆ ಮುಂಚೆಯೇ "ವೇಗ!" ಅಂತ ಕೂಗಬೇಕು, ನಡುವೆ ಯಾರೂ ಅವರಿಗೆ ಅಡ್ಡ ನಿಲ್ಲುವಂತಿಲ್ಲ. ಕಾಲಿನ ಮಧ್ಯೆ ತಟ್ಟೆ ಸಿಕ್ಕಿಸಿಕೊಂಡು ಎಳೆಸಿಕೊಳ್ಳುವ ಲಿಫ್ಟುಗಳನ್ನು ನಕ್ಷೆಯಲ್ಲಿ ಕೆಂಪು ಪೆನ್ನಿನಿಂದ ಹೊಡೆದು ಹಾಕಿದ್ದೆವು, ಚೇರು ಮತ್ತು ತೊಟ್ಟಿಲು ಮಾತ್ರ. ಮತ್ತೆ ಸೇರುವ ಜಾಗ ಯಾವಾಗಲೂ ಲಿಫ್ಟಿನ ಬುಡ, ತುದಿಯಲ್ಲ. ತುದಿಯಲ್ಲಿ ಕಾದರೆ ಬೋರ್ಡಿನವರು ಕೂತು ಬೂಟನ್ನು ಹಲಗೆಗೆ ಬಿಗಿಯುವ ಬೈಂಡಿಂಗ್ ಕಟ್ಟಿಕೊಳ್ಳುವಷ್ಟರಲ್ಲಿ ಸ್ಕೀಯವರಿಗೆ ಚಳಿ ಹತ್ತಿ ಜಗಳ ಶುರು. ಹನ್ನೆರಡರಿಂದ ಒಂದೂವರೆವರೆಗೆ ಖಾಲಿ ಇರುವ ಒಂದು ಚೇರ್‌ಲಿಫ್ಟ್ ಕಂಡುಹಿಡಿದೆವು, ಬುತ್ತಿ ಬ್ಯಾಗಿನಲ್ಲಿತ್ತು, ಊಟವನ್ನು ಎರಡಕ್ಕೆ ದೂಡಿದೆವು. ಯಾವ ಲಿಫ್ಟ್ ಅಂತ ಕೇಳಬೇಡಿ.

ಕೆಳಗಿನ ಮನೆಯ ತೊಂದರೆಯನ್ನೂ ಹೇಳಬೇಕು, ಇಲ್ಲದಿದ್ದರೆ ಸುಳ್ಳಾಗುತ್ತೆ. ಮೊದಲ ರಾತ್ರಿ ಜಾಗ ಸಾಲದೆ ಬೂಟುಗಳನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟೆವು. ಬೆಳಿಗ್ಗೆ ಪ್ಲಾಸ್ಟಿಕ್ ಕಲ್ಲಾಗಿತ್ತು. ಹೆಂಡತಿ ಮೆಟ್ಟಿಲ ಮೇಲೆ ಕೂತು ಕಾಲು ತೂರಿಸಲು ನೋಡಿದರೆ ಬೂಟು ಬಾಯಿಯೇ ಬಿಡುತ್ತಿಲ್ಲ. ನಾನು ಬೂಟಿನ ನಾಲಗೆ ಹಿಡಿದು ಎಳೆದೆ, ಅವಳು ನನ್ನ ತಲೆ ಹಿಡಿದು ಒತ್ತಿದಳು, ಕಾಲು ಒಳಗೆ ಹೋದಾಗ ಅವಳು ಹೇಳಿದ ಮಾತು ಇಲ್ಲಿ ಬರೆಯಲ್ಲ. ಫ್ಯುನಿಕ್ಯುಲರ್‌ನ ಎರಡು ಬಂಡಿ ತಪ್ಪಿತು. ಮೇಲೆ ನಿಂತು ಭಾಮೈದ ಗಡಿಯಾರ ತೋರಿಸಿದ. ಅವನದು ಮೆತ್ತನೆ ಬೋರ್ಡ್ ಬೂಟು, ಚಪ್ಪಲಿ ಹಾಕಿದ ಹಾಗೆ ಹಾಕಿಕೊಂಡು ಬಂದಿದ್ದ. ಮಾರನೆಯ ದಿನದಿಂದ ಬೂಟು ಹೀಟರ್ ಪಕ್ಕ, ಬಕಲ್ ಸಡಿಲ ಹಾಕಿ. ಸಂಜೆ ಕೊನೆಯ ಬಂಡಿಯ ಹೊತ್ತನ್ನು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ರಾತ್ರಿ ಮೇಲೆ ಕೂತು ಹರಟುವ ಆಸೆ ಇದ್ದವರಿಗೆ ಈ ಏರ್ಪಾಡು ಆಗಿಬರಲ್ಲ.

ಸ್ಕೀ, ಬೂಟು ಬಾಡಿಗೆಗೆ ತೆಗೆದುಕೊಂಡವರಿಗೆ, ವಾರ ಮುಂಚೆ ಆನ್‌ಲೈನ್‌ನಲ್ಲಿ ಬುಕ್ ಮಾಡಿದ್ದಕ್ಕೆ ತಲೆಗೆ 85. ಬೂಟಿನ ಅಳತೆ ಸೆಂಟಿಮೀಟರಿನಲ್ಲಿ, ಪಾದ ಅಳೆದುಕೊಂಡು ಹೋಗಿ, ಒಂದೇ ತೆಳು ಕಾಲುಚೀಲ. ಹಾಯಾಗಿದೆ ಅನ್ನಿಸಿದರೆ ಅದು ದೊಡ್ಡದು. ಗೆಳೆಯ ಹಾಯಾಗಿರುವುದನ್ನೇ ತಂದ, ಎರಡನೇ ದಿನಕ್ಕೆ ಉಗುರು ಕಪ್ಪು. ಹೋಗಿ ಬದಲಾಯಿಸಿಕೊಂಡ, ದುಡ್ಡು ಕೇಳಲಿಲ್ಲ.

ಬುಧವಾರ ಸುಮ್ನೆ ಕೂರಲಾರದೆ ನನ್ನ ಹಳೆಯ ಸ್ಕೀಗೆ ಮನೆಯ ಇಸ್ತ್ರಿಪೆಟ್ಟಿಗೆಯಿಂದ ಮೇಣ ಬಳಿಯಲು ಕೂತೆ. ಬಿಸಿ ಜಾಸ್ತಿಯಾಗಿ ಹೊಗೆ ಎದ್ದು ಕೋಣೆಯ ಅಲಾರಂ ಕೂಗಿತು. ಬಿಸಿ ಇಳಿಸಿ ಮತ್ತೆ ಬಳಿದೆ, ಹೆರೆದೆ. ಮಾರನೆಯ ದಿನ ಮಧ್ಯಾಹ್ನದ ಕೆಸರಿನಲ್ಲೂ ನನ್ನ ಸ್ಕೀ ಓಡಿತು, ಬಾಡಿಗೆಯವು ಅಂಟಿಕೊಂಡವು. ಇಸ್ತ್ರಿಪೆಟ್ಟಿಗೆಗೆ ಬದಲಿ ಕೊಡಬೇಕಾಯಿತು, 30 ಯುರೋ. ಶುಕ್ರವಾರ ಕೊನೆಯ ಎರಡು ಗಂಟೆ ನಾನೂ ಭಾಮೈದನೂ ಸ್ಕೀ ಬೋರ್ಡು ಅದಲುಬದಲು ಮಾಡಿದೆವು, ನಮ್ಮಿಬ್ಬರದೂ ಒಂದೇ ಅಳತೆ. ಹತ್ತು ನಿಮಿಷದಲ್ಲಿ ಹಿಂದಕ್ಕೆ ಬಿದ್ದು ಕೈ ಊರಿದೆ, ಮಣಿಕಟ್ಟು ಒಂದು ವಾರ ನೋಯಿತು. ಬೋರ್ಡಿನವರು ಮಣಿಕಟ್ಟಿಗೆ ಗಾರ್ಡ್ ಕಟ್ಟಿಕೊಳ್ಳುವುದು ಯಾಕೆ ಅಂತ ಆಗ ಗೊತ್ತಾಯಿತು.

ಪ್ರಯಾಣ ಬಿಟ್ಟು ತಲೆಗೆ 550ರ ಹತ್ತಿರ: ಮನೆ 140, ಪಾಸ್ 240, ಬಾಡಿಗೆ 85, ಊಟತಿಂಡಿ 60, ಉಳಿದಿದ್ದು ವಿಮೆ, ಇಸ್ತ್ರಿಪೆಟ್ಟಿಗೆ. ಹೊಸಬರಿಗೆ ಪಾಸಿನಲ್ಲಿ ಉಳಿದಿದ್ದು ಪಾಠಕ್ಕೆ ಹೋಯಿತು. ವಾಪಸ್ ಬರುವಾಗ ರೈಲು ಸ್ಟೇಷನ್ ಎದುರು ಭಾಮೈದ ಕಾಫಿ ಕುಡಿಯುತ್ತಾ ಕೇಳಿದ, "ಮುಂದಿನ ಮಾರ್ಚ್‌ಗೆ ಇದೇ ಮನೆ ಸಿಗತ್ತಾ ಭಾವ? ನನ್ನ ಆಫೀಸಿನವರು ಮೂರು ಜನ ಬರ್ತಾರಂತೆ." ಎಂಟು ಜನಕ್ಕೆ ಒಂದು ಬಚ್ಚಲು ಸಾಲಲ್ಲ ಅಂದೆ. ಆ ಮೂವರಲ್ಲಿ ಬೋರ್ಡಿನವರು ಎಷ್ಟು ಅಂತ ಇನ್ನೂ ಹೇಳಿಲ್ಲ ಅವನು.