‘ನಾನು ಯಾರು?’ ಅಂತ ಕೇಳಿಕೊಳ್ಳುವುದು ಹೇಗೆ: ರಮಣರ ದಾರಿಯನ್ನು ಮನೆಯಲ್ಲೇ ಶುರು ಮಾಡುವವರಿಗೆ

ಹೋದ ವರ್ಷ ಚಿಕ್ಕಪ್ಪನ ಮಗಳ ಮದುವೆಯ ಲಗ್ನಪತ್ರಿಕೆ ಮನೆಗೆ ಬಂತು. ನಾಲ್ಕು ಮೂಲೆಗೂ ಅರಿಶಿನ, ಮೇಲೆ ಗಣಪತಿ, ಕೆಳಗೆ ‘ಸುಖಾಗಮನ ಬಯಸುವವರು’ ಅಂತ ಹದಿನಾಲ್ಕು ಹೆಸರು. ನನ್ನದು ಇರಲಿಲ್ಲ. ಪ್ರೂಫ್ ನೋಡುವಾಗ ಬಿಟ್ಟುಹೋಗಿದೆ ಅಷ್ಟೇ, ಅದು ನನಗೂ ಗೊತ್ತಿತ್ತು. ಆದರೂ ನಿಂತಲ್ಲೇ ಗಂಟಲು ಕಟ್ಟಿತು, ಕಿವಿ ಬಿಸಿಯಾಯಿತು, ಆ ಮನೆಗೆ ನಾನು ಇಷ್ಟು ವರ್ಷ ಏನೆಲ್ಲಾ ಮಾಡಿದ್ದೇನೆ ಅನ್ನುವ ಲೆಕ್ಕವೆಲ್ಲ ಒಂದೊಂದಾಗಿ ತಲೆಯಲ್ಲಿ ಶುರುವಾಯಿತು. ಮೈಗೆ ಒಂದು ಗೀರೂ ಬಿದ್ದಿಲ್ಲ. ಹಾಗಾದರೆ ನೋವಾಗಿದ್ದು ಯಾರಿಗೆ?

ಆಗ ನೆನಪಾದದ್ದು ತಮಿಳುನಾಡಿನ ಸಂತ ರಮಣ ಮಹರ್ಷಿಗಳು ಮನೆ ಬಿಡುವಾಗ ಬರೆದಿಟ್ಟ ಚೀಟಿ. ಆಗಿನ್ನೂ ಅವರು ಮದುರೆಯಲ್ಲಿ ಓದುತ್ತಿದ್ದ ವೆಂಕಟರಾಮನ್, ಹದಿನಾರು ವರ್ಷದ ಹುಡುಗ. 1896ರ ಜುಲೈನಲ್ಲಿ ಚಿಕ್ಕಪ್ಪನ ಮನೆಯ ಮಹಡಿಯಲ್ಲಿ ಒಬ್ಬರೇ ಕೂತಿದ್ದಾಗ, ಮೈಯಲ್ಲಿ ಯಾವ ಕಾಯಿಲೆಯೂ ಇಲ್ಲದೆ, ಇದ್ದಕ್ಕಿದ್ದಂತೆ ಸಾವಿನ ಭಯ ಹಿಡಿಯಿತು. ಹುಡುಗ ಯಾರನ್ನೂ ಕೂಗಲಿಲ್ಲ. ಹೆಣದ ಹಾಗೆ ಕೈಕಾಲು ಚಾಚಿ ಮಲಗಿ, ತುಟಿ ಬಿಗಿಹಿಡಿದು, ‘ಸರಿ, ಈ ಮೈ ಸತ್ತಿತು. ನಾನೂ ಸತ್ತೆನಾ?’ ಅಂತ ಒಳಗೇ ನೋಡಿಕೊಂಡ. ಆರು ವಾರ ಕಳೆದ ಮೇಲೆ, ಅಣ್ಣನ ಕಾಲೇಜು ಫೀಗೆ ಅಂತ ಕೊಟ್ಟಿದ್ದ ಐದು ರೂಪಾಯಿಯಲ್ಲಿ ಮೂರನ್ನು ತೆಗೆದುಕೊಂಡು ತಿರುವಣ್ಣಾಮಲೈಗೆ ಹೊರಟ. ಉಳಿದ ಎರಡು ರೂಪಾಯಿಯ ಜೊತೆ ಒಂದು ಚೀಟಿ ಇಟ್ಟ. ಆ ಚೀಟಿ ‘ನಾನು’ ಅಂತ ಶುರುವಾಗುತ್ತದೆ. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಆ ‘ನಾನು’ ಹೋಗಿ ‘ಇದು’ ಆಗಿದೆ. ಕೊನೆಯಲ್ಲಿ ಸಹಿ ಇರಬೇಕಾದ ಜಾಗದಲ್ಲಿ ಹೆಸರೇ ಇಲ್ಲ, ಬರೀ ಒಂದು ಗೆರೆ. ಕೈಯಲ್ಲಿ ಲಗ್ನಪತ್ರಿಕೆ ಹಿಡಿದುಕೊಂಡು ಆ ಗೆರೆಯನ್ನು ನೆನೆಸಿಕೊಂಡಾಗ ನನಗೆ ಈ ದಾರಿ ಮೊದಲ ಸಲ ನಿಜವಾಗಿ ಅರ್ಥವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವುದು ಹೀಗೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ನೆಲದ ಮೇಲೋ ಕುರ್ಚಿಯಲ್ಲೋ, ಬೆನ್ನಿಗೆ ತ್ರಾಸಾಗದ ಹಾಗೆ ಕೂತುಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿರಲಿ. ಮನಸ್ಸು ಕುದಿಯುತ್ತಿದ್ದರೆ ಐದು ನಿಮಿಷ ಸುಮ್ನೆ ಉಸಿರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ನೋಡುತ್ತಿರಿ, ಉಸಿರಿನ ಜೊತೆ ಮನಸ್ಸೂ ತಗ್ಗುತ್ತದೆ ಅಂತ ರಮಣರೇ ಹೇಳುತ್ತಿದ್ದರು. ಆಮೇಲೆ ಕಾಯಿರಿ. ಯೋಚನೆ ಬಂದೇ ಬರುತ್ತದೆ, ಕರೆಯಬೇಕಾಗಿಲ್ಲ. ‘ಗ್ಯಾಸ್ ಬುಕ್ ಮಾಡಬೇಕಿತ್ತು’ ಅಂತ ಒಂದು ಬಂತು ಅನ್ನಿ. ಅದರ ಹಿಂದೆ ಹೋಗಬೇಡಿ, ಓಡಿಸಲೂ ಬೇಡಿ. ‘ಈ ಯೋಚನೆ ಯಾರಿಗೆ ಬಂತು?’ ಅಂತ ಕೇಳಿ. ‘ನನಗೆ’ ಅನ್ನುವುದು ತಾನಾಗೇ ಬರುತ್ತದೆ. ‘ಈ ನಾನು ಯಾರು?’ ಅಂತ ಕೇಳಿ ಅಲ್ಲೇ ನಿಲ್ಲಿ.

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಆ ಪ್ರಶ್ನೆ ಕೇಳಿದ ಮೇಲೆ ಒಂದು ಕ್ಷಣ, ಕಣ್ಣು ಮಿಟುಕಿಸುವಷ್ಟು ಹೊತ್ತು, ಉತ್ತರ ಇರುವುದಿಲ್ಲ. ಗ್ಯಾಸ್ ಸಿಲಿಂಡರ್ ಇಲ್ಲ, ಮಾತಿಲ್ಲ, ಆದರೆ ನೀವು ಇದ್ದೀರಿ ಅನ್ನುವುದರಲ್ಲಿ ಏನೂ ಅನುಮಾನವಿಲ್ಲ. ನೋಡಬೇಕಾದದ್ದು ಅದನ್ನು. ಮುಂದಿನ ಕ್ಷಣ ಇನ್ನೊಂದು ಯೋಚನೆ ಬರುತ್ತದೆ, ಮತ್ತೆ ‘ಯಾರಿಗೆ?’ ಅಂತ ಶುರು. ಇಪ್ಪತ್ತು ನಿಮಿಷದಲ್ಲಿ ಐವತ್ತು ಸಲ ಹೀಗಾದರೂ ಬೇಜಾರು ಬೇಡ, ಕೆಲಸವೇ ಅದು.

‘ನಾನು ಯಾರು, ನಾನು ಯಾರು’ ಅಂತ ಜಪದ ಹಾಗೆ ಹೇಳುತ್ತಾ ಕೂರಬೇಡಿ. ನಾನು ಮೊದಲ ನಾಲ್ಕು ತಿಂಗಳು ಅದನ್ನೇ ಮಾಡಿದೆ, ನಿದ್ದೆ ಬಂತೇ ಹೊರತು ಬೇರೇನೂ ಆಗಲಿಲ್ಲ. ‘ನಾನು ಆತ್ಮ’, ‘ನಾನೇ ಬ್ರಹ್ಮ’ ಅಂತ ಓದಿದ್ದನ್ನು ಉತ್ತರವಾಗಿ ಕೊಟ್ಟುಕೊಳ್ಳಲೂ ಬೇಡಿ. ಅದು ಪರೀಕ್ಷೆಗೆ ಬಾಯಿಪಾಠ ಮಾಡಿದ ಹಾಗೆ. 1902ರ ಸುಮಾರಿಗೆ ಶಿವಪ್ರಕಾಶಂ ಪಿಳ್ಳೈ ಅನ್ನುವವರು ತಿರುವಣ್ಣಾಮಲೈಯ ಗುಡ್ಡದ ಮೇಲಿದ್ದ ರಮಣರ ಹತ್ತಿರ ಹೋಗಿ ಇದೇ ಪ್ರಶ್ನೆ ಕೇಳಿದರು. ರಮಣರು ಆಗ ಮಾತಾಡುತ್ತಿರಲಿಲ್ಲ, ಬರೆದು ತೋರಿಸಿದರು. ಆ ಉತ್ತರಗಳೇ ಮುಂದೆ ‘ನಾನ್ ಯಾರ್’ ಅನ್ನುವ ಪುಟ್ಟ ಪುಸ್ತಕವಾದವು. ಅದರಲ್ಲಿ ಒಂದು ಹೋಲಿಕೆ ಇದೆ. ಚಿತೆ ಕೆದಕುವ ಕೋಲು ಹೆಣವನ್ನು ಸುಟ್ಟು ಕೊನೆಗೆ ತಾನೂ ಸುಟ್ಟುಹೋಗುತ್ತದಲ್ಲ, ಈ ಪ್ರಶ್ನೆಯೂ ಹಾಗೇ. ಬೇರೆ ಯೋಚನೆಗಳನ್ನೆಲ್ಲ ತೆಗೆದು ತಾನೂ ಹೋಗಬೇಕು, ಉತ್ತರವಾಗಿ ಉಳಿಯಬಾರದು. ಕನ್ನಡದವರಿಗೆ ಇದು ಹೊಸದೇನಲ್ಲ. ‘ನಾನು ಹೋದರೆ ಹೋದೇನು’ ಅಂತ ಕನಕದಾಸರು ಹೇಳಿದ ಕಥೆ ಮಕ್ಕಳಿಗೂ ಗೊತ್ತು. ಅಲ್ಲಿ ಹೋಗಬೇಕಾದ ‘ನಾನು’ ಯಾವುದೋ, ಇಲ್ಲಿ ಹುಡುಕುತ್ತಿರುವುದೂ ಅದನ್ನೇ.

ಬೆಳಕು ಕಾಣುವುದು, ಮೈ ಜುಮ್ಮೆನ್ನುವುದು, ಕಾರಣವಿಲ್ಲದೆ ಅಳು ಬರುವುದು, ಇವೆಲ್ಲ ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ಆದಾಗ ‘ಇದು ಯಾರಿಗೆ ಆಗುತ್ತಿದೆ?’ ಅಂತ ಕೇಳಿ ಮುಂದೆ ಹೋಗಿ.

ನನ್ನ ಅನುಭವದಲ್ಲಿ, ಕೂತಾಗಿನ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೆಲೆಯುಳ್ಳದ್ದು ಹಗಲಿನಲ್ಲಿ ಮನಸ್ಸಿಗೆ ಚುಚ್ಚಿದ ಗಳಿಗೆ. ಶಾಂತವಾಗಿದ್ದಾಗ ‘ನಾನು’ ಕೈಗೆ ಸಿಗುವುದಿಲ್ಲ, ಎಲ್ಲೋ ಕರಗಿರುತ್ತದೆ. ಯಾರಾದರೂ ಎಲ್ಲರೆದುರು ತಪ್ಪು ಹಿಡಿದಾಗ, ಅತ್ತೆ ಓರಗಿತ್ತಿಯ ಅಡುಗೆಯನ್ನು ಹೊಗಳಿದಾಗ, ಗ್ರೂಪಿನಲ್ಲಿ ನೀವು ಹಾಕಿದ ಮೆಸೇಜಿಗೆ ಒಬ್ಬರೂ ಉತ್ತರ ಕೊಡದಿದ್ದಾಗ, ಅದು ತಲೆ ಎತ್ತಿ ನಿಂತಿರುತ್ತದೆ. ಅದನ್ನು ನೋಡುವ ಸಮಯ ಆಗಲೇ. ಮೊದಲು ಮೈಯಲ್ಲಿ ಎಲ್ಲಿ ಬಿಗಿಯಿತು ಅಂತ ಗಮನಿಸಿ. ಆಮೇಲೆ ಕೇಳಿ, ನೋವು ಯಾರಿಗೆ? ಲಗ್ನಪತ್ರಿಕೆ ಹಿಡಿದು ನಾನು ಹಾಗೆ ಕೇಳಿಕೊಂಡಾಗ ಮೊದಲು ಬಂದ ಉತ್ತರ ನನ್ನ ಹೆಸರು. ಆದರೆ ಹೆಸರು ಅಮ್ಮ ಅಪ್ಪ ಇಟ್ಟದ್ದು, ಅದಕ್ಕೆ ಮುಂಚೆಯೂ ನಾನು ಇದ್ದೆನಲ್ಲ. ‘ಆ ಮನೆಗೆ ಅಷ್ಟೆಲ್ಲಾ ಮಾಡಿದವನು’ ಅಂತ ಬಂತು. ಅದು ಬರೀ ನೆನಪು, ರಾತ್ರಿ ನಿದ್ದೆಯಲ್ಲಿ ಇರುವುದೇ ಇಲ್ಲ. ಒಂದೊಂದನ್ನೇ ಹೀಗೆ ಕೆಳಗಿಟ್ಟ ಮೇಲೆ ನೋವು ಹಿಡಿದುಕೊಳ್ಳಲು ಯಾರೂ ಸಿಗಲಿಲ್ಲ. ಎರಡು ನಿಮಿಷ ಇತ್ತೇನೋ ಆ ಸ್ಥಿತಿ. ಸಂಜೆಗೆ ಮತ್ತೆ ಬೇಜಾರು ಬಂತು, ಮತ್ತೆ ಕೇಳಿಕೊಂಡೆ.

ಇದಕ್ಕಾಗಿ ಕೆಲಸ ಬಿಡಬೇಡಿ, ಮನೆ ಬಿಡಬೇಡಿ. ಸನ್ಯಾಸ ತಗೊಳ್ಳಲಾ ಅಂತ ಕೇಳಿದವರಿಗೆ ರಮಣರು ಸಾಮಾನ್ಯವಾಗಿ ಬೇಡ ಅನ್ನುತ್ತಿದ್ದರು. ಅವರೇ ಬೆಳಗಿನ ಜಾವ ಎದ್ದು ಆಶ್ರಮದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು, ಏನನ್ನೂ ದಂಡ ಮಾಡಲು ಬಿಡುತ್ತಿರಲಿಲ್ಲ. ಮೂರು ದಿನದಲ್ಲಿ ಜಾಗೃತಿ ಮಾಡಿಸುತ್ತೇವೆ ಅಂತ ಸಾವಿರಗಟ್ಟಲೆ ಕೇಳುವವರ ಕಡೆ ಹೋಗಬೇಡಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಈ ಪ್ರಶ್ನೆಗೆ ಫೀಸಿಲ್ಲ.

ಒಂದು ಎಚ್ಚರಿಕೆ. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ತಾನು ತಾನಲ್ಲ ಅನ್ನುವ ಭಯ ದಿನಗಟ್ಟಲೆ ಬಿಡದಿದ್ದರೆ, ಕೂರುವುದನ್ನು ನಿಲ್ಲಿಸಿ ಮನೆಯವರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಆಗ ಬೇಕಾದದ್ದು ಚಿಕಿತ್ಸೆ, ಈ ಪ್ರಶ್ನೆ ಎಲ್ಲಿಗೂ ಓಡಿಹೋಗುವುದಿಲ್ಲ.

ತಿರುವಣ್ಣಾಮಲೈ ನೋಡಬೇಕು ಅನ್ನಿಸಿದರೆ ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್, ಬಸ್ ಇದೆ. ಹುಣ್ಣಿಮೆಗೆ ಹೋಗಬೇಡಿ, ಅವತ್ತು ಗಿರಿಪ್ರದಕ್ಷಿಣೆಯ ಜನ ಊರು ತುಂಬಿರುತ್ತಾರೆ. ಮಾಮೂಲಿ ದಿನ, ಬಿಸಿಲೇರುವ ಮುಂಚೆ, ರಮಣಾಶ್ರಮದ ಹಿಂದಿನ ಕಲ್ಲುಹಾದಿ ಹಿಡಿದು ಗುಡ್ಡದ ಮೇಲಿನ ಸ್ಕಂದಾಶ್ರಮಕ್ಕೆ ಹತ್ತಿ, ಅಲ್ಲಿಂದ ಸ್ವಲ್ಪ ಕೆಳಗಿಳಿದರೆ ವಿರೂಪಾಕ್ಷ ಗುಹೆ. 1899ರಿಂದ 1916ರವರೆಗೆ ರಮಣರು ಇದ್ದದ್ದು ಅಲ್ಲಿ. ಒಳಗೆ ಸೆಕೆ, ಜಾಗ ಕಡಿಮೆ, ಮಾತಾಡುವ ಹಾಗಿಲ್ಲ. ಗೋಡೆ ಪಕ್ಕ ಒಂದು ಮೂಲೆ ಹಿಡಿದು ಕೂತು, ಪಕ್ಕದವರು ಕೆಮ್ಮಿದಾಗ ಕಿರಿಕಿರಿಯಾಯಿತಲ್ಲ, ಅದು ಯಾರಿಗೆ ಅಂತ ನೋಡಿ.